ದೆವ್ವದ ಮನೆಯಲ್ಲೊಂದು ಹಸಿರು ದೀಪ

ಕಳೆದ ಅಕ್ಟೋಬರಿನಲ್ಲಿ ನಾನೂ ನನ್ನಾಕೆಯೂ ನಾಲ್ಕು ದಿನ ರಜ ಹಾಕಿ, ಸ್ಯಾನ್ ಹೊಸೆಯಿಂದ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಕಾರಿನಲ್ಲಿ ಹೊರಟೆವು. ಆರು ಗಂಟೆಯ ದಾರಿ. ಡಿಕ್ಕಿಯಲ್ಲಿ ಒಂದು ಟ್ರೈಪಾಡು, ಮೂರು ಲೆನ್ಸು, ಅಮ್ಮ ಕಳಿಸಿದ್ದ ಒಂದು ಡಬ್ಬ ಚಕ್ಕುಲಿ. ಹೋಗಿದ್ದು ಬ್ಯೂಯೆನಾ ಪಾರ್ಕ್ ಅನ್ನೋ ಊರಿನ ನಾಟ್ಸ್ ಬೆರಿ ಫಾರ್ಮ್‌ಗೆ. "ಡಿಸ್ನಿಲ್ಯಾಂಡ್ ಅಲ್ಲೇ ಪಕ್ಕದಲ್ಲಿದೆ, ಅದನ್ನು ಬಿಟ್ಟು ಅಲ್ಲಿಗ್ಯಾಕೆ ಹೋದ್ರಿ?" ಅಂತ ಕೇಳದವರೇ ಇಲ್ಲ. ಕಾರಣ ಇಷ್ಟೇ, ಹ್ಯಾಲೋವೀನ್. ನನ್ನಾಕೆಗೆ ಮಂಜು, ಕತ್ತಲೆ, ಕಿತ್ತಳೆ ಬಣ್ಣದ ದೀಪ ಇವೆಲ್ಲ ಇರುವ ಫೋಟೋ ಬೇಕಿತ್ತು. ನನಗೆ ರಜ ಬೇಕಿತ್ತು!

ಹಗಲು ಅದೊಂದು ಸಾಧಾರಣ ಪಾರ್ಕು. ರೋಲರ್ ಕೋಸ್ಟರ್, ಮರದ ಹಳೇ ಅಂಗಡಿಗಳ ಬೀದಿ, ಕುಲುಕುತ್ತಾ ಹೋಗುವ ಹಬೆಯ ರೈಲು. ಸಂಜೆ ಬೇಗನೆ ಎಲ್ಲರನ್ನೂ ಹೊರಗೆ ಕಳಿಸಿ, ಬೇರೆ ಟಿಕೆಟ್ ಇಟ್ಟು, ಮತ್ತೆ ಗೇಟು ತೆಗೆಯುತ್ತಾರೆ. ಆಮೇಲೆ ನೋಡಬೇಕು. ಎದುರಿಗಿರುವವರು ಕಾಣದಷ್ಟು ಕೃತಕ ಮಂಜು. ಅದರೊಳಗಿಂದ ದೆವ್ವದ ವೇಷದವರು ಮಂಡಿಗೆ ಲೋಹದ ಪಟ್ಟಿ ಕಟ್ಟಿಕೊಂಡು, ನೆಲದ ಮೇಲೆ ಕಿಡಿ ಹಾರಿಸುತ್ತಾ ಜಾರಿಕೊಂಡು ನಿಮ್ಮ ಕಾಲಬುಡಕ್ಕೇ ಬಂದು ನಿಲ್ಲುತ್ತಾರೆ. ನಾನು ಎಷ್ಟು ಸಲ ಕಿರುಚಿದೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ :-)

ಆ ರಾತ್ರಿ ರೂಮಿಗೆ ಬಂದು ಫೋಟೋಗಳನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಕೂತೆವು. ಆರುನೂರು ಫೋಟೋ, ಅದರಲ್ಲಿ ಮುಕ್ಕಾಲು ಪಾಲು ಮಸುಕು. ದೆವ್ವದ ಮನೆಗಳ ಒಳಗೆ ಫೋಟೋ ತೆಗೆಯುವಂತಿಲ್ಲ, ಹಾಗಾಗಿ ಇವಳು ಬಾಗಿಲುಗಳ ಹೊರಗೆ ನಿಂತು ತೆಗೆದಿದ್ದಳು. ಒಂದು ಫೋಟೋ ಬಂದಾಗ ನಕ್ಕುಬಿಟ್ಟಳು.

"ನೋಡೋ ಇಲ್ಲಿ, ಮುಂದೆ ಇಷ್ಟು ದೊಡ್ಡ ದೆವ್ವ ನಿಂತಿದೆ. ಈ ಕ್ಯಾಮೆರಾ ಯಾವುದನ್ನ ಫೋಕಸ್ ಮಾಡಿದೆ ನೋಡು!"

ದೆವ್ವ ಪೂರ್ತಿ ಮಸುಕು. ಅದರ ಹಿಂದೆ, ಬಾಗಿಲ ತಲೆಯ ಮೇಲೆ, ಹಸಿರು ಅಕ್ಷರದ 'ಎಗ್ಸಿಟ್' ಫಲಕ ಮಾತ್ರ ಕೊರೆದಿಟ್ಟ ಹಾಗೆ ಸ್ಪಷ್ಟ. ಇದೇನೂ ಪವಾಡವಲ್ಲ. ಆಟೋಫೋಕಸ್‌ಗೆ ಬೆಳಕು-ಕತ್ತಲೆಯ ಅಂಚು ಬೇಕು. ಅಲ್ಲಿ ಅಂಥ ಗಟ್ಟಿ ಅಂಚು ಇದ್ದದ್ದು ಆ ಫಲಕದಲ್ಲಿ ಮಾತ್ರ, ಪಾಪ ಅದು ಅದನ್ನೇ ಹಿಡಿದುಕೊಂಡಿತು. ಆಮೇಲೆ ಹುಡುಕಿದರೆ ಹತ್ತು ಹನ್ನೆರಡು ಫೋಟೋಗಳಲ್ಲಿ ಅದೇ ಕಥೆ.

ನನಗೆ ಒಂದು ಪ್ರಶ್ನೆ ತಲೆಗೆ ಹೊಕ್ಕಿತು. ಕತ್ತಲೆ ಮಾಡಲಿಕ್ಕೇ ಲಕ್ಷಾಂತರ ಡಾಲರ್ ಸುರಿಯುವವರು, ಆ ಕತ್ತಲೆಯನ್ನು ಕೆಡಿಸುವ ಈ ಹಸಿರು ದೀಪವನ್ನು ಯಾಕೆ ಹಾಕಿಕೊಳ್ಳುತ್ತಾರೆ? 'ರೂಲು, ಅದಕ್ಕೆ' ಅಂದುಬಿಡಬಹುದು. ಆದರೆ ರೂಲುಗಳು ಸುಮ್ಮನೆ ಹುಟ್ಟುವುದಿಲ್ಲವಲ್ಲ. ಬಂದಮೇಲೆ ಓದುತ್ತಾ ಹೋದೆ. ಓದಿದ್ದು ಇಷ್ಟು.

ಮೊದಲು ಹ್ಯಾಲೋವೀನ್. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ, 2 ಸತ್ತವರೆಲ್ಲರಿಗಾಗಿ ಪ್ರಾರ್ಥಿಸುವ ದಿನ. ಅದರ ಹಿಂದಿನ ಸಂಜೆಯೇ ಅಕ್ಟೋಬರ್ 31. ಐರ್ಲೆಂಡಿನ ಕಡೆ ಅದೇ ಹೊತ್ತಿಗೆ, ಸುಗ್ಗಿ ಮುಗಿದು ಚಳಿಗಾಲ ಶುರುವಾಗುವಾಗ, 'ಸಾವಿನ್' ಅನ್ನೋ ಹಳೇ ಹಬ್ಬ ಇತ್ತು. ಅಲ್ಲಿನವರು ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದರು. 1840ರ ದಶಕದ ಆಲೂಗಡ್ಡೆ ಕ್ಷಾಮದಲ್ಲಿ ಲಕ್ಷಗಟ್ಟಲೆ ಐರಿಷ್ ಜನ ಅಮೆರಿಕಾಕ್ಕೆ ಬಂದರು, ಹಬ್ಬವೂ ಅವರ ಜೊತೆ ಬಂತು. ಇಲ್ಲಿ ಕುಂಬಳಕಾಯಿ ಸುಲಭವಾಗಿ ಸಿಗುತ್ತಿತ್ತು, ಕೊರೆಯುವುದಕ್ಕೂ ಸುಲಭ. ಗಡ್ಡೆ ಹೋಗಿ ಕುಂಬಳಕಾಯಿ ಬಂತು. ಪಿತೃಪಕ್ಷದ ಆಸುಪಾಸಿನಲ್ಲೇ ಇವರಿಗೂ ಸತ್ತವರ ನೆನಪು ಬರುವುದು ನೋಡಿ ನನಗೆ ಸ್ವಲ್ಪ ಸೋಜಿಗವಾಗಿತ್ತು. ಮಳೆಬೆಳೆ ಮುಗಿದು ಹಗಲು ಚಿಕ್ಕದಾಗುವ ಕಾಲ, ಎಲ್ಲರಿಗೂ ಹಿಂದಿನವರು ನೆನಪಾಗುತ್ತಾರೇನೋ.

ಆದರೆ ಅಮೆರಿಕಾದಲ್ಲಿ ಹ್ಯಾಲೋವೀನ್ ಅಂದರೆ ಬಹಳ ಕಾಲ ಭಯವೂ ಅಲ್ಲ, ಭಕ್ತಿಯೂ ಅಲ್ಲ, ತಂಟೆ! ಹುಡುಗರ ಗುಂಪು ರಾತ್ರಿ ಊರೆಲ್ಲ ಸುತ್ತಿ ಮನೆಗಳ ಗೇಟು ಕಿತ್ತುಕೊಂಡು ಹೋಗುವುದು, ಹಿತ್ತಲ ಕಕ್ಕಸುಮನೆ ಉರುಳಿಸುವುದು, ಕಿಟಕಿಗಳಿಗೆ ಸೋಪು ಬಳಿಯುವುದು. ನಮ್ಮ ಕಡೆ ಹೋಳಿ ಹುಣ್ಣಿಮೆಯ ರಾತ್ರಿ ಕಾಮನನ್ನು ಸುಡಲು ಕಟ್ಟಿಗೆ ಕದ್ದವರಿಗೆ ಇದೆಲ್ಲ ಬಿಡಿಸಿ ಹೇಳಬೇಕಿಲ್ಲ. ಊರಿನ ಹಿರಿಯರು ಏನು ಮಾಡಿದರು ಅಂದರೆ, ಬೈಯುವುದರ ಬದಲು ಹುಡುಗರಿಗೆ ಬೇರೆ ಕೆಲಸ ಕೊಟ್ಟರು. 1920ರಲ್ಲಿ ಮಿನ್ನೆಸೋಟಾದ ಅನೋಕಾ ಎಂಬ ಪುಟ್ಟ ಊರು ಇದೇ ಕಾರಣಕ್ಕೆ ಹ್ಯಾಲೋವೀನ್ ಮೆರವಣಿಗೆ ಶುರು ಮಾಡಿತು. 1930ರ ದಶಕದಲ್ಲಿ ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಪದ್ಧತಿ ಹರಡಿತು. ಎರಡನೇ ಮಹಾಯುದ್ಧದಲ್ಲಿ ಸಕ್ಕರೆಗೆ ರೇಷನ್ ಬಂದು ಮಿಠಾಯಿಗೆ ಕುತ್ತು. 1947ರಲ್ಲಿ ಅದು ತೆರವಾದ ಮೇಲೆ ಮತ್ತೆ ಶುರು. ಮನೆಗಳ ಬೇಸ್‌ಮೆಂಟುಗಳಲ್ಲಿ, ಚರ್ಚಿನ ಹಾಲುಗಳಲ್ಲಿ ಚಾದರ ಕಟ್ಟಿ 'ದೆವ್ವದ ಮನೆ' ಮಾಡುವುದೂ ಹೀಗೇ ಬೆಳೆದದ್ದು.

ಈಗ ನಾಟ್ಸ್ ಬೆರಿ ಫಾರ್ಮ್‌ಗೆ ಬರೋಣ. ಹೆಸರೇ ಹೇಳುವ ಹಾಗೆ ಅದು ನಿಜಕ್ಕೂ ಹೊಲ. ವಾಲ್ಟರ್ ನಾಟ್ ಎಂಬ ರೈತ 1920ರಲ್ಲಿ ಇಲ್ಲಿ ಜಮೀನು ಗುತ್ತಿಗೆಗೆ ಹಿಡಿದು ಬೆರಿ ಬೆಳೆದು ರಸ್ತೆ ಪಕ್ಕ ಮಾರುತ್ತಿದ್ದ. ರುಡಾಲ್ಫ್ ಬಾಯ್ಸನ್ ಎಂಬಾತ ಕಸಿ ಮಾಡಿ ಕೈಬಿಟ್ಟಿದ್ದ, ಸಾಯಲು ಬಿದ್ದಿದ್ದ ಒಂದಿಷ್ಟು ಬಳ್ಳಿಗಳನ್ನು ತಂದು ಬದುಕಿಸಿ, ಆ ಹಣ್ಣಿಗೆ ಬಾಯ್ಸನ್‌ಬೆರಿ ಅಂತ ಅವನದೇ ಹೆಸರಿಟ್ಟ. 1934ರಲ್ಲಿ, ಆರ್ಥಿಕ ಕುಸಿತದ ಕಷ್ಟಕಾಲದಲ್ಲಿ, ಹೆಂಡತಿ ಕಾರ್ಡೀಲಿಯಾ ಮದುವೆಯಲ್ಲಿ ಬಂದಿದ್ದ ಪಿಂಗಾಣಿ ತಟ್ಟೆಗಳನ್ನು ತೆಗೆದು ಎಂಟು ಜನಕ್ಕೆ ಚಿಕನ್ ಊಟ ಬಡಿಸಿದಳು. ಊಟಕ್ಕೆ 65 ಸೆಂಟು. ಕೆಲವೇ ವರ್ಷಗಳಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲುವಷ್ಟು ಜನ. ಕಾಯುವವರಿಗೆ ಬೇಜಾರಾಗದಿರಲಿ ಅಂತ 1940ರಲ್ಲಿ ವಾಲ್ಟರ್ ಒಂದು 'ಪಾಳು ಊರು' ಕಟ್ಟಲು ಶುರು ಮಾಡಿದ. ಪಶ್ಚಿಮದಲ್ಲಿ ಗಣಿ ಮುಗಿದು ಜನ ಬಿಟ್ಟುಹೋದ ಊರುಗಳಿಂದ ಹಳೇ ಕಟ್ಟಡಗಳನ್ನೇ ತಂದು ನಿಲ್ಲಿಸಿದ. 1951ರಲ್ಲಿ ಕ್ಯಾಲಿಕೋ ಅನ್ನೋ ನಿಜವಾದ ಒಂದು ಪಾಳು ಗಣಿ ಊರನ್ನೇ ಕೊಂಡುಕೊಂಡ, ರಿಪೇರಿ ಮಾಡಿಸಿ, ಆಮೇಲೆ ಕೌಂಟಿ ಸರ್ಕಾರಕ್ಕೆ ದಾನ ಕೊಟ್ಟ. ಬೇಲಿ ಹಾಕಿ ಪ್ರವೇಶಕ್ಕೆ ದುಡ್ಡು ಇಟ್ಟಿದ್ದು 1968ರಲ್ಲಿ. ಅಂದರೆ, ಊಟದ ಕ್ಯೂನಲ್ಲಿ ಹುಟ್ಟಿದ ಥೀಮ್ ಪಾರ್ಕ್ ಇದು! (ನಾವಿಬ್ಬರೂ ಸಸ್ಯಾಹಾರಿಗಳು, ಆ ಇತಿಹಾಸಪ್ರಸಿದ್ಧ ಊಟ ನಮಗೆ ದಕ್ಕಲಿಲ್ಲ. ಬಾಯ್ಸನ್‌ಬೆರಿ ಪೈ ಮಾತ್ರ ಎರಡೆರಡು ಹೋಳು ಆಯಿತು.)

ಶರತ್ಕಾಲ ಎಂದರೆ ಪಾರ್ಕುಗಳಿಗೆ ಖಾಲಿ ಕಾಲ. ಬೇಸಿಗೆ ರಜ ಮುಗಿದು ಶಾಲೆ ಶುರುವಾಗಿರುತ್ತದೆ, ಕ್ರಿಸ್‌ಮಸ್ ಇನ್ನೂ ದೂರ. 1973ರ ಅಕ್ಟೋಬರಿನಲ್ಲಿ ನಾಟ್ಸ್‌ನವರು ಮೂರು ರಾತ್ರಿ ಪ್ರಯೋಗ ಮಾಡಿದರು. ಪಾಳು ಊರು ಹೇಗೂ ಇತ್ತು, ಅದಕ್ಕೆ ದೆವ್ವಗಳನ್ನು ಬಿಟ್ಟರೆ ಸಾಕಿತ್ತು. ಜನ ಮುಗಿಬಿದ್ದರು. ಅದೇ ಇಂದು ಐವತ್ತು ವರ್ಷ ದಾಟಿದ 'ಸ್ಕೇರಿ ಫಾರ್ಮ್'. 1991ರಲ್ಲಿ ಒರ್ಲ್ಯಾಂಡೋದ ಯೂನಿವರ್ಸಲ್ 'ಫ್ರೈಟ್ ನೈಟ್ಸ್' ಮಾಡಿತು, ಮರುವರ್ಷ ಅದರ ಹೆಸರು 'ಹ್ಯಾಲೋವೀನ್ ಹಾರರ್ ನೈಟ್ಸ್' ಆಯಿತು. 1995ರಲ್ಲಿ ಡಿಸ್ನಿ ವರ್ಲ್ಡ್ ಮಕ್ಕಳಿಗಾಗಿ 'ಅಷ್ಟೇನೂ ಹೆದರಿಕೆಯಿಲ್ಲದ' ಪಾರ್ಟಿ ಶುರುಮಾಡಿತು. ಗೇಟು ಕೀಳುತ್ತಿದ್ದ ಹುಡುಗರ ಮೊಮ್ಮಕ್ಕಳು ಈಗ ದುಡ್ಡು ಕೊಟ್ಟು ಗೇಟಿನೊಳಗೆ ಹೋಗುತ್ತಿದ್ದಾರೆ, ಅಷ್ಟೇ ವ್ಯತ್ಯಾಸ.

ಇಲ್ಲಿಯವರೆಗೆ ಎಲ್ಲ ತಮಾಷೆಯಾಗಿಯೇ ಇದೆ. ಹಸಿರು ದೀಪದ ಕಥೆ ಇರುವುದು ದೇಶದ ಇನ್ನೊಂದು ತುದಿಯಲ್ಲಿ.

ನ್ಯೂಜೆರ್ಸಿಯ ಜಾಕ್ಸನ್ ಎಂಬಲ್ಲಿ ಸಿಕ್ಸ್ ಫ್ಲಾಗ್ಸ್ ಗ್ರೇಟ್ ಅಡ್ವೆಂಚರ್ ಅಂತ ದೊಡ್ಡ ಪಾರ್ಕು. ಅಲ್ಲಿ 'ಹಾಂಟೆಡ್ ಕ್ಯಾಸಲ್' ಅನ್ನೋ ದೆವ್ವದ ಕೋಟೆ ಇತ್ತು. ಹೊರಗಿನಿಂದ ಕೋಟೆ, ಒಳಗೆ ಒಂದಕ್ಕೊಂದು ಜೋಡಿಸಿದ ಲಾರಿ ಟ್ರೇಲರ್‌ಗಳು. ಹ್ಯಾಲೋವೀನಿಗೆ ಮಾತ್ರ ಅಲ್ಲ, ಪಾರ್ಕು ತೆರೆದಿರುವ ದಿನವೆಲ್ಲ ಅದೂ ಇರುತ್ತಿತ್ತು. ಟ್ರೇಲರ್ ಆದ್ದರಿಂದ 'ತಾತ್ಕಾಲಿಕ' ಎಂದು ಲೆಕ್ಕ. ಕಟ್ಟಡಕ್ಕಿರುವ ನಿಯಮಗಳು ಅದಕ್ಕೆ ತಾಗಲಿಲ್ಲ. ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲಿಲ್ಲ.

1984ರ ಮೇ 11ರ ಸಂಜೆ. ಒಳಗೆ ಮಿಣುಕುದೀಪವೊಂದು ಕೆಟ್ಟು ಪೂರ್ತಿ ಕತ್ತಲೆ. ದಾರಿ ಕಾಣಲೆಂದು ಒಬ್ಬ ಹುಡುಗ ಸಿಗರೇಟ್ ಲೈಟರ್ ಹಚ್ಚಿದ, ಗೋಡೆಗೆ ಹಾಕಿದ್ದ ಫೋಮ್ ಮೆತ್ತೆಗೆ ಬೆಂಕಿ ತಾಗಿತು ಎಂದು ತನಿಖೆ ಹೇಳಿತು. ಎಂಟು ಮಂದಿ ಸತ್ತರು. ಎಲ್ಲರೂ ಹದಿಹರೆಯದವರು. ಒಳಗೆ ಹೋದ ಅಗ್ನಿಶಾಮಕದವರು ದೇಹಗಳನ್ನು ನೋಡಿ ಮೊದಲು ಅವು ಪ್ರದರ್ಶನದ ಬೊಂಬೆಗಳು ಅಂದುಕೊಂಡರಂತೆ.

ಈ ಸಾಲನ್ನು ಓದಿದಾಗ ರಾತ್ರಿ ಹನ್ನೊಂದೂವರೆ. ಲ್ಯಾಪ್‌ಟಾಪ್ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ಆ ಮಕ್ಕಳು ಕೂಗಿರುತ್ತಾರೆ. ಕೂಗುವುದಕ್ಕೆಂದೇ ಕಟ್ಟಿದ ಮನೆಯಲ್ಲಿ ಕೂಗಿದರೆ ಹೊರಗಿನವರಿಗೆ ಏನು ಗೊತ್ತಾಗಬೇಕು?

ಕೇಸು ನಡೆಯಿತು. ಕಿಡಿಗೇಡಿಗಳು ಬೇಕೆಂದೇ ಹಚ್ಚಿದ ಬೆಂಕಿ ಅಂತ ಕಂಪನಿಯ ವಾದ. 1985ರಲ್ಲಿ ಜ್ಯೂರಿ ಕಂಪನಿಯನ್ನು ನಿರ್ದೋಷಿ ಎಂದಿತು. ಆದರೆ ನಿಯಮ ಬರೆಯುವವರು ಅಷ್ಟಕ್ಕೇ ಬಿಡಲಿಲ್ಲ. ಅಮೆರಿಕಾದ ಅಗ್ನಿ ಸುರಕ್ಷತಾ ಸಂಹಿತೆಯಲ್ಲಿ ಇಂಥ ಕಟ್ಟಡಗಳಿಗೆಂದೇ 'ವಿಶೇಷ ಮನರಂಜನಾ ಕಟ್ಟಡ' ಅನ್ನೋ ಪ್ರತ್ಯೇಕ ವರ್ಗ ಬಂತು. ಎಷ್ಟೇ 'ತಾತ್ಕಾಲಿಕ' ಇರಲಿ, ಸ್ಪ್ರಿಂಕ್ಲರ್ ಬೇಕು. ಹೊಗೆ ಪತ್ತೆಮಾಡುವ ಯಂತ್ರ ಬೇಕು. ಹೊರಹೋಗುವ ದಾರಿಯ ಗುರುತು ಬೇಕು, ತಲೆಯ ಮೇಲೆ ಮಾತ್ರ ಅಲ್ಲ, ನೆಲದ ಹತ್ತಿರವೂ. ಯಾಕೆಂದರೆ ಹೊಗೆ ಮೇಲೇರುತ್ತದೆ, ಜನ ತೆವಳುತ್ತಾರೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ನಿಯಮ. ಅಲಾರಂ ಆದ ಕೂಡಲೇ ದೀಪಗಳೆಲ್ಲ ತಾವಾಗಿ ಹತ್ತಬೇಕು, ಕಿರುಚಾಟದ ಸದ್ದು, ಕಣ್ಣು ಕುಕ್ಕುವ ಬೆಳಕು ಎಲ್ಲ ತಾವಾಗಿ ನಿಲ್ಲಬೇಕು. ಅಂದರೆ, ಆಟ ನಿಂತಿದೆ ಅಂತ ಮನೆಯೇ ಹೇಳಬೇಕು. ನಾವು ಸಾಫ್ಟ್‌ವೇರಿನವರು ಪ್ರೋಗ್ರಾಂ ಬರೆಯುವಾಗ ಎಲ್ಲ ಸರಿಹೋದರೆ ಏನಾಗಬೇಕು ಅಂತ ಮೊದಲು ಬರೆಯುತ್ತೇವೆ, ಕೆಟ್ಟರೆ ಏನಾಗಬೇಕು ಅನ್ನೋದನ್ನು 'ಆಮೇಲೆ ನೋಡೋಣ' ಅಂತ ಬಿಡುತ್ತೇವೆ. 'ತಾತ್ಕಾಲಿಕ' ಅಂತ ಹಾಕಿದ ಕೋಡು ವರ್ಷಗಟ್ಟಲೆ ಅಲ್ಲೇ ಓಡುತ್ತಿರುತ್ತದೆ. ಇದನ್ನು ಓದಿದ ಮೇಲೆ ಆ ಪದ ಬರೆಯಲು ಕೈ ತಡೆಯುತ್ತದೆ.

ಅಮ್ಮನಿಗೆ ಫೋನಿನಲ್ಲಿ ಇದೆಲ್ಲ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ವೀನಸ್ ಸರ್ಕಸ್ ಥರಾನೇ ಅಲ್ವೇನೋ" ಅಂದಳು. ನನಗೆ ಗೊತ್ತೇ ಇರಲಿಲ್ಲ. 1981ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ಹತ್ತಾರು ಜನ ಸತ್ತರು, ಅವರಲ್ಲಿ ಬಹುಪಾಲು ಮಕ್ಕಳು. ಅಮ್ಮ ಆಗ ಶಾಲೆಯಲ್ಲಿದ್ದಳು. ಚಿಕ್ಕವನಿದ್ದಾಗ ಸಿನಿಮಾಕ್ಕೆ ಹೋದರೆ, ಯಕ್ಷಗಾನದ ಟೆಂಟಿಗೆ ಹೋದರೆ ಅಮ್ಮ ಯಾವಾಗಲೂ ಬಾಗಿಲ ಪಕ್ಕದ ಸೀಟೇ ಬೇಕು ಅನ್ನುತ್ತಿದ್ದಳು. ನನಗೋ ಮುಂದೆ ಕೂರುವ ಆಸೆ, ಅದಕ್ಕೆ ಎಷ್ಟು ಸಲ ರಂಪ ಮಾಡಿದ್ದೇನೋ. ಕಾರಣ ಗೊತ್ತಾಗಲು ಇಷ್ಟು ವರ್ಷ, ಇಷ್ಟು ಸಾವಿರ ಮೈಲಿ ಬೇಕಾಯಿತು.

ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರಲ್ಲಿ 59 ಜನ ಸತ್ತದ್ದೂ ಹೊರಹೋಗುವ ದಾರಿ ಸರಿಯಿಲ್ಲದೆ. ಊರು ಬೇರೆ, ಕಾಲ ಬೇರೆ, ಕಥೆ ಒಂದೇ.

ಭಯವನ್ನು ಆಟ ಮಾಡಿಕೊಳ್ಳುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮೂರುಗಳಲ್ಲೂ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದು ದೆವ್ವವನ್ನು ಯಾಮಾರಿಸಿದ ಜನ ನಾವು. ಕಿರುಚಿ ಕಿರುಚಿ ಕೊನೆಗೆ ನಗುತ್ತಾ ಹೊರಗೆ ಬರುವುದರಲ್ಲಿ ಒಂದು ಸುಖ ಇದೆ, ಅದನ್ನು ನಾನೂ ಉಂಡು ಬಂದಿದ್ದೇನೆ. ಆದರೆ ಹೊರಗೆ ಬರುತ್ತೇವೆ ಅನ್ನೋ ನಂಬಿಕೆ ಇದ್ದರೆ ಮಾತ್ರ ಅದು ಆಟ. ಆ ನಂಬಿಕೆಯನ್ನು ಉಳಿಸಿರುವುದು ಯಾರೂ ಕತ್ತೆತ್ತಿ ನೋಡದ ಆ ಹಸಿರು ಫಲಕ.

2024ರಲ್ಲಿ ನಾಟ್ಸ್‌ನ ಒಡೆತನದ ಕಂಪನಿಯೂ ಸಿಕ್ಸ್ ಫ್ಲಾಗ್ಸೂ ಒಂದಾದವು. ಹಾಗಾಗಿ ನಾವು ಕಿರುಚಿದ ಪಾರ್ಕೂ ಆ ಎಂಟು ಮಕ್ಕಳ ಪಾರ್ಕೂ ಈಗ ಒಂದೇ ಸಂಸ್ಥೆಯವು.

ನನ್ನಾಕೆ ಆ ಫೋಟೋವನ್ನು ಅಳಿಸುವುದರಲ್ಲಿದ್ದಳು. ಈಗ ಪ್ರಿಂಟ್ ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದಾಳೆ. ಬಂದವರೆಲ್ಲ, "ಅಯ್ಯೋ, ಇದು ಔಟ್ ಆಫ್ ಫೋಕಸ್ ಆಗಿದೆಯಲ್ರೀ" ಅನ್ನುತ್ತಾರೆ.

"ಇಲ್ಲ, ಸರಿಯಾಗೇ ಫೋಕಸ್ ಆಗಿದೆ, ಹಿಂದೆ ನೋಡಿ" ಅನ್ನುತ್ತಾಳೆ ಇವಳು.

ಮುಂದಿನ ಸಲ ಸಿನಿಮಾಕ್ಕೋ, ಜಾತ್ರೆಗೋ, ಎಗ್ಸಿಬಿಷನ್ನಿಗೋ ಹೋದಾಗ ಬಾಗಿಲು ಎಲ್ಲಿದೆ ಅಂತ ಒಮ್ಮೆ ನೋಡಿಕೊಳ್ಳಿ. ವೀನಸ್ ಸರ್ಕಸ್ಸಿನ ದಿನ ನೆನಪಿರುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಕೇಳಿ ಬರೆದಿಡಿ. ನಾನೂ ಈ ಸಲ ಊರಿಗೆ ಹೋದಾಗ ಅಮ್ಮನನ್ನು ಕೂರಿಸಿಕೊಂಡು ಕೇಳಬೇಕು ಅಂತಿದ್ದೇನೆ.