ಎಳೆ ಬಿಚ್ಚುವ ಕೈ: ರಾಮನಗರ ಸೀಮೆಯಲ್ಲಿ ರೇಷ್ಮೆಯ ಮರುಕಲಿಕೆ

ಸ್ವೆಟರ್ ಹೆಣೆಯುವ ಇಬ್ಬರು ಹೆಂಗಸರನ್ನು ಅಕ್ಕಪಕ್ಕ ಕೂರಿಸಿ ನೋಡಿದ್ದೀರಾ? ಒಬ್ಬರು ಉಣ್ಣೆಯ ದಾರವನ್ನು ಬಲಗೈಯಿಂದ ಕಡ್ಡಿಗೆ ಸುತ್ತುತ್ತಾರೆ. ಇನ್ನೊಬ್ಬರು ದಾರವನ್ನು ಎಡಗೈ ಬೆರಳಿಗೆ ಹಾಕಿಕೊಂಡು ಕಡ್ಡಿಯ ತುದಿಯಿಂದ ಅದನ್ನು ಎಳೆದುಕೊಳ್ಳುತ್ತಾರೆ. ತಾವು ಯಾವ ರೀತಿ ಹೆಣೆಯುತ್ತೇವೆ ಎಂದು ಕೇಳಿದರೆ ಇಬ್ಬರೂ ಒಂದು ಕ್ಷಣ ತಡೆದು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾರೆ.

ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ನಮ್ಮ ತಾಯಿ ಮೂವತ್ತು ವರ್ಷ ಸ್ವೆಟರ್ ಹೆಣೆದವರು. ಅವರ ಹೆಣಿಗೆ ಯಾವಾಗಲೂ ಸ್ವಲ್ಪ ಬಿಗಿ. ಸೊಸೆಯಾಗಿ ಬಂದ ಹುಡುಗಿ ಒಂದು ದಿನ ನೋಡಿ, "ಅತ್ತೆ, ನಿಮ್ಮ ಕುಣಿಕೆಗಳೆಲ್ಲ ಬುಡದಲ್ಲಿ ತಿರುಚಿಕೊಂಡಿವೆಯಲ್ಲ" ಎಂದಳು. ತಾಯಿಯವರಿಗೆ ಮೊದಲು ಕೋಪವೇ ಬಂತು. ಆಮೇಲೆ ಕನ್ನಡಕ ಹಾಕಿಕೊಂಡು ನಾಲ್ಕು ಸಾಲು ಬಿಚ್ಚಿ ನೋಡಿದರು. ಉಲ್ಟಾ ಸಾಲಿನಲ್ಲಿ ಅವರ ಕೈ ದಾರವನ್ನು ಎದುರು ದಿಕ್ಕಿನಿಂದ ಸುತ್ತುತ್ತಿತ್ತು. ಅದರಿಂದ ಕುಣಿಕೆ ಕಡ್ಡಿಯ ಮೇಲೆ ತಿರುಗಿ ಕೂರುತ್ತಿತ್ತು. ಮುಂದಿನ ಸೀದಾ ಸಾಲಿನಲ್ಲಿ ಬುಡ ಅಡ್ಡಬೀಳುತ್ತಿತ್ತು. ಮೂವತ್ತು ವರ್ಷ ಅವರ ಕೈಗೆ ಗೊತ್ತಿದ್ದದ್ದು ಅವರಿಗೆ ಅಂದು ಗೊತ್ತಾಯಿತು. ಅವರು ಹಳೆಯದನ್ನು ಬಿಡಲಿಲ್ಲ. ಬಿಗಿಯಾಗಿ ನಿಲ್ಲಬೇಕಾದ ತೋಳಿನ ಅಂಚಿಗೆ ತಮ್ಮ ಹಳೆಯ ರೀತಿ, ಮೈಯ ಭಾಗಕ್ಕೆ ಸೊಸೆಯ ರೀತಿ ಎಂದು ಹಂಚಿಕೊಂಡರು.

ಈ ಸಣ್ಣ ಸಂಗತಿಯನ್ನು ಹೇಳಲು ಕಾರಣವಿದೆ. ಬೆಂಗಳೂರಿನಿಂದ ಮೈಸೂರಿನ ಕಡೆ ಹೊರಟರೆ ಸಿಗುವ ರಾಮನಗರ, ಚನ್ನಪಟ್ಟಣ, ಬಲಕ್ಕೆ ಮಾಗಡಿ, ಎಡಕ್ಕೆ ಕನಕಪುರ, ಈ ನಾಲ್ಕು ತಾಲ್ಲೂಕುಗಳು ಸೇರಿ 2007ರಲ್ಲಿ ಒಂದು ಜಿಲ್ಲೆಯಾದವು. ಇಡೀ ಈ ಸೀಮೆಯ ಸಾವಿರಾರು ಕೈಗಳು ಎರಡು ಶತಮಾನಗಳಿಗೂ ಹೆಚ್ಚು ಕಾಲ ಇದೇ ಕೆಲಸ ಮಾಡಿವೆ: ತಮ್ಮ ಕಸುಬನ್ನು ತಾವೇ ಕಂಡುಕೊಂಡು, ಮತ್ತೆ ಮತ್ತೆ ಹೊಸದಾಗಿ ಕಲಿಯುವುದು. ಅಲ್ಲಿ ದಾರ ಉಣ್ಣೆಯದಲ್ಲ, ರೇಷ್ಮೆಯದು.

ಮೊದಲ ಕಲಿಕೆ ಪತ್ರದ ಮೂಲಕ ಬಂತು ಎನ್ನಬೇಕು. ಟಿಪ್ಪು ಸುಲ್ತಾನ್ 1785ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಪತ್ರವೊಂದಿದೆ. ರೇಷ್ಮೆಹುಳು ತರಲು ಬಂಗಾಳಕ್ಕೆ ಕಳುಹಿಸಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಹಿಂದಿರುಗುತ್ತಿದ್ದಾರೆ. ಹುಳುಗಳನ್ನು ಎಂಥ ಜಾಗದಲ್ಲಿ ಇಡಬೇಕೆಂದು ಅವರನ್ನೇ ಕೇಳಿ ಏರ್ಪಾಡು ಮಾಡು, ಎಷ್ಟು ಹುಳು ಬಂದಿವೆ ಎಂದು ತಿಳಿಸು ಎಂಬುದು ಅದರ ಸಾರಾಂಶ. ಅರಮನೆಯಿಂದ ಹೊರಟ ಆಜ್ಞೆಯಲ್ಲಿಯೂ "ತಿಳಿದವರನ್ನು ಕೇಳು" ಎಂಬ ಮಾತು ಇತ್ತು ಎಂಬುದನ್ನು ಗಮನಿಸಬೇಕು. ಕಸುಬನ್ನು ಹುಕುಂ ಹೊರಡಿಸಿ ತರಲಾಗುವುದಿಲ್ಲ, ಕೈಯಿಂದ ಕೈಗೆ ದಾಟಿಸಬೇಕು.

ದಾಟದಿದ್ದರೆ ಏನಾಗುತ್ತದೆ ಎಂಬುದಕ್ಕೆ ಚನ್ನಪಟ್ಟಣದಲ್ಲೇ ಉದಾಹರಣೆಯಿದೆ. 1800ರಲ್ಲಿ ಈ ದಾರಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ತಂತಿವಾದ್ಯಗಳಿಗೆ ಬೇಕಾದ ನಯವಾದ ಉಕ್ಕಿನ ತಂತಿಯನ್ನು ಅಲ್ಲಿ ಎಳೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಂದು ಚನ್ನಪಟ್ಟಣವೆಂದರೆ ಬಣ್ಣದ ಬೊಂಬೆ ನೆನಪಾಗುತ್ತದೆ, ರೇಷ್ಮೆ ನೆನಪಾಗುತ್ತದೆ. ತಂತಿಯ ನೆನಪು ಪುಸ್ತಕದಲ್ಲಿ ಉಳಿದಿದೆ.

ರೇಷ್ಮೆ ಹಾಗಾಗಲಿಲ್ಲ, ಆದರೆ ಆಗುವ ಸ್ಥಿತಿ ಬಂದಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ನಂತರ ರೋಗ ತಗುಲಿ ಹುಳುಗಳು ಸಾಯತೊಡಗಿದವು. 1866ರ ಸುಮಾರಿಗೆ ಇಟಲಿಯ ಡಿ ವೆಚ್ಚಿ ಎಂಬವರು ಜಪಾನಿನಿಂದ ಮೊಟ್ಟೆ ತರಿಸಿದರು. ಕೆಂಗೇರಿಯಲ್ಲಿ ಉಗಿಯಿಂದ ನಡೆಯುವ ನೂಲು ಬಿಚ್ಚುವ ಕಾರ್ಖಾನೆ ಹಾಕಿದರು. ಗೂಡೇ ಸರಿಯಾಗಿ ಬಾರದ ಮೇಲೆ ಯಂತ್ರವೇನು ಮಾಡೀತು? ಆ ಪ್ರಯತ್ನ ನಿಲ್ಲಲಿಲ್ಲ. ಶತಮಾನದ ಕೊನೆಯಲ್ಲಿ ಜೆಮ್‌ಶೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆ ತೋಟ ತೆರೆದು, ಜಪಾನಿನ ಓಡ್ಜು ದಂಪತಿಗಳನ್ನು ಕರೆಸಿ ಜಪಾನೀ ಪದ್ಧತಿಯನ್ನು ಕಲಿಸುವ ಏರ್ಪಾಡು ಮಾಡಿದರು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಉಳಿದಿದೆ. ನಂತರ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913-14ರಲ್ಲಿ, ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಅವರ ನೆರವಿನಿಂದ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಕ್ಷೇತ್ರ ಆರಂಭವಾಯಿತು. ಮೈಸೂರು ತಳಿಯ ಹುಳುವಿಗೆ ಹೊರಗಿನ ತಳಿಯನ್ನು ಬೆರೆಸುವ ಪ್ರಯೋಗಗಳು ಮುಂದೆ ಅಲ್ಲಿ ನಡೆದವು.

ಇದು ಕೇವಲ ಹುಳುವಿನ ಬದಲಾವಣೆಯಾಗಿರಲಿಲ್ಲ ಎಂಬುದು ಬಹಳ ಜನರಿಗೆ ತಿಳಿಯದು. ಹುಳು ಬದಲಾದರೆ ಗೂಡು ಬದಲಾಗುತ್ತದೆ. ಗೂಡು ಬದಲಾದರೆ ನೂಲು ಬಿಚ್ಚುವವರ ಬೆರಳು ಮತ್ತೆ ಕಲಿಯಬೇಕಾಗುತ್ತದೆ. ಹೇಗೆಂದು ನೋಡೋಣ.

ಒಂದು ಗೂಡೆಂದರೆ ಹುಳು ತನ್ನ ಸುತ್ತ ಸುತ್ತಿಕೊಂಡ ಒಂದೇ ಎಳೆ. ಮೈಸೂರು ತಳಿಯ ಹಸಿರು ಮಿಶ್ರಿತ ಹಳದಿ ಗೂಡಿನಲ್ಲಿ ಈ ಎಳೆ ಸುಮಾರು 350ರಿಂದ 400 ಮೀಟರ್ ಉದ್ದ. ದ್ವಿತಳಿಯ ಬಿಳಿ ಗೂಡಿನಲ್ಲಿ ಅದು 1000 ಮೀಟರ್ ಮುಟ್ಟುತ್ತದೆ, ದಾಟುವುದೂ ಉಂಟು. ಎಳೆಗಳನ್ನು ಒಂದಕ್ಕೊಂದು ಅಂಟಿಸಿರುವ ಗೋಂದು ಬಿಸಿನೀರಿನಲ್ಲಿ ಮೆತ್ತಗಾಗುತ್ತದೆ. ಆಗ ಹಲವು ಗೂಡುಗಳ ತುದಿ ಹಿಡಿದು, ಕೂಡಿಸಿ ಎಳೆದರೆ ಒಂದು ನೂಲು. ನೂಲಿನ ದಪ್ಪವನ್ನು ಡೆನಿಯರ್ ಲೆಕ್ಕದಲ್ಲಿ ಹೇಳುತ್ತಾರೆ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಮೈಸೂರು ಗೂಡಿನ ಎಳೆ ಸಣ್ಣದು, ಆದ್ದರಿಂದ ಹೆಚ್ಚು ಗೂಡು ಕೂಡಿಸಬೇಕು. ದ್ವಿತಳಿಯ ಎಳೆ ಕೊಂಚ ದಪ್ಪ, ಕಡಿಮೆ ಗೂಡು ಸಾಕು. ಮೇಲಾಗಿ, ಗೂಡು ಬಿಚ್ಚುತ್ತ ಒಳಪದರಕ್ಕೆ ಹೋದಂತೆ ಎಳೆ ಸಣ್ಣಗಾಗುತ್ತದೆ. ಹೊಸ ಗೂಡು, ಅರ್ಧ ಬಿಚ್ಚಿದ ಗೂಡು, ಮುಗಿಯುತ್ತ ಬಂದ ಗೂಡು ಇವುಗಳನ್ನು ಹದವಾಗಿ ಬೆರೆಸಿಕೊಂಡರೆ ಮಾತ್ರ ನೂಲು ಸಮವಾಗಿ ಬರುತ್ತದೆ.

ಈ ಹದವನ್ನು ರಾಮನಗರದ ಹಳೆಯ ಚರಕದ ಕಸುಬುದಾರ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಕುದಿಯುವ ನೀರಿನ ಪಾತ್ರೆಯ ಮುಂದೆ ಒಬ್ಬರು ಕೂರುತ್ತಿದ್ದರು, ಚಕ್ರ ತಿರುಗಿಸಲು ಇನ್ನೊಬ್ಬರು. ಗೂಡು ಬೇಯುವುದೂ ಅದೇ ನೀರಿನಲ್ಲಿ, ಬಿಚ್ಚುವುದೂ ಅದೇ ನೀರಿನಲ್ಲಿ. ಎಷ್ಟು ಗೂಡು ಓಡುತ್ತಿವೆ ಎಂದು ಎಣಿಸುವ ಪದ್ಧತಿ ಇಲ್ಲ. ನೂಲು ಸಣ್ಣಗಾಯಿತೆಂದು ಬೆರಳಿಗೆ ಅನ್ನಿಸಿದಾಗ ಒಂದು ಹಿಡಿ ಎಳೆ ಸೇರಿಸುವುದು. ನೂಲು ಬೇಗ ಬರುತ್ತಿತ್ತು, ಬಂಡವಾಳ ಕಡಿಮೆ ಸಾಕಾಗುತ್ತಿತ್ತು, ಬೇರೆಯವರು ಬೇಡವೆಂದ ಗೂಡೂ ಕೆಲಸಕ್ಕೆ ಬರುತ್ತಿತ್ತು. ಆದರೆ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ನೇಕಾರರು ಅದನ್ನು ಹೊಕ್ಕಿಗೆ ಬಳಸುತ್ತಿದ್ದರು. ಎಳೆತ ತಡೆಯಬೇಕಾದ ಹಾಸಿಗೆ ಅದು ನಿಲ್ಲುತ್ತಿರಲಿಲ್ಲ.

ಚರಕದ ಬಳಿಕ ಕಾಟೇಜ್ ಬೇಸಿನ್ ಬಂತು. ಅದರಲ್ಲಿ ಗೂಡು ಬೇಯಿಸುವುದು ಒಂದು ಕಡೆ, ಬಿಚ್ಚುವುದು ಇನ್ನೊಂದು ಕಡೆ. ಬಿಚ್ಚುವ ನೀರು ಕೈ ತಡೆಯುವಷ್ಟು ಬಿಸಿ. ನೂಲು ಸಣ್ಣ ತೂತಿನ ಗುಂಡಿಯ ಮೂಲಕ ಹಾಯುತ್ತದೆ. ಗಂಟು ಬಂದರೆ ಅಲ್ಲೇ ತಡೆಯುತ್ತದೆ. ಮುಂದೆ ಹೋಗುವ ನೂಲನ್ನು ಅದರ ಮೇಲೆಯೇ ಕೆಲವು ಸುತ್ತು ಹೊಸೆದು ಬಿಡುತ್ತಾರೆ. ಆಗ ನೀರು ಹಿಂಡಿ, ಎಳೆಗಳು ಒಂದಾಗಿ, ನೂಲು ದುಂಡಗಾಗುತ್ತದೆ. ಮೊದಲು ಚಿಕ್ಕ ರಾಟೆಗೆ ಸುತ್ತಿ ಆಮೇಲೆ ದೊಡ್ಡದಕ್ಕೆ ಮರುಸುತ್ತು.

ಚರಕದಲ್ಲಿ ಬೆಳೆದ ಕೈಗೆ ಇದು ಸುಲಭವಾಗಿ ಒಗ್ಗುವಂಥದಲ್ಲ. ಇಲ್ಲಿ ವೇಗ ತಗ್ಗಿಸಬೇಕು. ಹಿಡಿ ಹಿಡಿಯಾಗಿ ಹಾಕದೆ ಒಂದೊಂದೇ ಎಳೆ ಸೇರಿಸಬೇಕು. ಕಡಿದರೆ ಹಾಗೇ ಬಿಡದೆ ಗಂಟು ಹಾಕಬೇಕು. "ನಮಗೆ ಬರುವುದಿಲ್ಲವೇ?" ಎನ್ನುವ ಅನುಭವಸ್ಥನಿಗೆ, ತಾನು ಇಷ್ಟು ವರ್ಷ ಎಣಿಸದೆ ಅಂದಾಜಿನಲ್ಲಿ ಕೆಲಸ ಮಾಡಿದೆ ಎಂದು ತಿಳಿಯುವುದೇ ಮೊದಲ ಪಾಠ. ಆ ಅಂದಾಜು ವ್ಯರ್ಥವಲ್ಲ ಎಂದು ತಿಳಿಯುವುದು ಎರಡನೆಯದು. ಮುಗಿಯುತ್ತ ಬಂದ ಗೂಡನ್ನು ಕಣ್ಣಿನಲ್ಲೇ ಗುರುತಿಸುವ ಚರಕದವನ ಗುಣ ಬೇಸಿನ್ನಿನ ಮುಂದೆಯೂ ಬೇಕೇಬೇಕು.

ಇದರಲ್ಲಿ ಪಣವಾಗಿದ್ದದ್ದು ಸಂಸಾರಗಳ ಅನ್ನ. 1980ರಲ್ಲಿ ವಿಶ್ವಬ್ಯಾಂಕಿನ ನೆರವಿನ ಕರ್ನಾಟಕ ರೇಷ್ಮೆ ಯೋಜನೆ ಆರಂಭವಾಯಿತು. 1991ರಿಂದ ಜಪಾನ್ ಸರ್ಕಾರದ ಸಹಕಾರದಲ್ಲಿ ದ್ವಿತಳಿ ಹುಳುಗಳ ಕೆಲಸ ಮೈಸೂರಿನ ಕೇಂದ್ರ ಸಂಶೋಧನಾ ಸಂಸ್ಥೆಯಲ್ಲಿ ನಡೆದು, ನಮ್ಮ ಹವೆಗೆ ಒಗ್ಗುವ ತಳಿಗಳು ಹೊರಬಂದವು. ಅದೇ ಹೊತ್ತಿಗೆ ಚೀನಾದ ಸಮನಾದ ನೂಲು ಅಗ್ಗವಾಗಿ ನಮ್ಮ ಮಗ್ಗಗಳಿಗೆ ಬಂದು ಬಿತ್ತು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಲೆ ಇಳಿದರೆ ಕನಕಪುರದ ರೈತ ಹಿಪ್ಪುನೇರಳೆ ಗಿಡ ಕೀಳುತ್ತಾನೆ. ಏರಿದರೆ ನೂಲು ಬಿಚ್ಚುವವನ ಒಲೆ ಆರುತ್ತದೆ. ಸಮನಾದ ನೂಲು ತೆಗೆಯಲು ಕಲಿಯದೆ ಇಬ್ಬರಿಗೂ ಉಳಿಗಾಲವಿರಲಿಲ್ಲ.

ಹಳೆಯದೆಲ್ಲ ಚಿನ್ನವೆಂದು ಹೇಳುವುದೂ ಸರಿಯಲ್ಲ. ಕುದಿನೀರಿನಲ್ಲಿ ಬೆಂದು ಒಡೆದ ಬೆರಳುಗಳು, ಗೂಡಿನ ಹಬೆಯಲ್ಲಿ ಉಸಿರು ಕಟ್ಟಿದ ಎದೆಗಳು ಆ ಕಸುಬಿನ ಭಾಗವಾಗಿದ್ದವು. ಚಕ್ರ ತಿರುಗಿಸಲು, ಹುರಿ ಮಾಡಲು ಮಕ್ಕಳನ್ನು ಹಚ್ಚಿದ ಕಾಲವೂ ಇತ್ತು. 1990ರ ದಶಕದಲ್ಲಿ ಈ ಸೀಮೆಯ ರೇಷ್ಮೆ ಘಟಕಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಪಾಡು ವರದಿಗಳಲ್ಲಿ ಬೆಳಕಿಗೆ ಬಂತು. ಕಲಿತದ್ದನ್ನು ಬಿಡುವುದೂ ಕಲಿಕೆಯೇ.

ಈಚಿನ ವರ್ಷಗಳಲ್ಲಿ ಸ್ವಯಂಚಾಲಿತ ಯಂತ್ರಗಳು ಬಂದಿವೆ. ನೂಲು ಸಣ್ಣಗಾದರೆ ಯಂತ್ರವೇ ಗ್ರಹಿಸಿ ಹೊಸ ಗೂಡನ್ನು ಒದಗಿಸುತ್ತದೆ. ಬೆರಳು ಮಾಡುತ್ತಿದ್ದ ಕೆಲಸವನ್ನೇ ಅದು ಮಾಡುತ್ತಿದೆ. ಹಾಗಾದರೆ ಹಳೆಯದರಲ್ಲಿ ಉಳಿದದ್ದೇನು? ಮಾಗಡಿಯ ಕಡೆ ಹೋಗಿ ನೋಡಬೇಕು. ಮಾಗಡಿ, ಬಿಡದಿ, ಕುಣಿಗಲ್ ಸುತ್ತಿನ ಹಳ್ಳಿಗಳು ಮೈಸೂರು ತಳಿಯ ಬಿತ್ತನೆ ಗೂಡಿನ ಪ್ರದೇಶ. ಎಳೆ ಚಿಕ್ಕದು, ಇಳುವರಿ ಕಡಿಮೆ ಎಂದು ಎಲ್ಲರೂ ಹೇಳುವ ಆ ಹಳೆಯ ಹುಳುವನ್ನು ಅಲ್ಲಿನ ರೈತರು ಸಾಕಿದ್ದರಿಂದಲೇ, ಅದನ್ನು ಹೊರಗಿನ ತಳಿಯೊಂದಿಗೆ ಬೆರೆಸಿ ನಮ್ಮ ಸೆಕೆ ತಡೆಯುವ ಮಿಶ್ರತಳಿ ಬೆಳೆಯಲು ಸಾಧ್ಯವಾಯಿತು. ಹೊಸ ಸೀರೆಯ ಹೊಳಪಿನ ಹಿಂದೆ ಆ ಹಳೆಯ ಹುಳುವೂ ಇದೆ.

ಇತಿಹಾಸವೆಂದರೆ ರಾಜರ ಕಾಳಗ ಎಂದು ಶಾಲೆಯಲ್ಲಿ ಓದಿದೆವು. ಈ ಸೀಮೆಯ ಇತಿಹಾಸದಲ್ಲಿ ಸುಲ್ತಾನನೂ ಇದ್ದಾನೆ, ದಿವಾನರೂ ಇದ್ದಾರೆ, ಇಟಲಿ ಜಪಾನುಗಳ ತಜ್ಞರೂ ಇದ್ದಾರೆ. ಆದರೆ ಅವರೆಲ್ಲ ಹೇಳಿಕೊಟ್ಟದ್ದನ್ನು ಪರೀಕ್ಷಿಸಿ, ಬೇಕಾದ್ದನ್ನು ಇಟ್ಟುಕೊಂಡದ್ದು ಬಿಸಿನೀರಿನ ಮುಂದೆ ಕುಳಿತ ಕೈ. ನಮ್ಮ ತಾಯಿಯವರು ಹೆಣೆದ ಕೊನೆಯ ಸ್ವೆಟರ್ ನಮ್ಮ ಮನೆಯಲ್ಲಿದೆ. ಅದರ ತೋಳಿನ ಅಂಚು ಇನ್ನೂ ಸಡಿಲವಾಗಿಲ್ಲ. ನಿಮ್ಮ ಮನೆಯಲ್ಲಿಯೂ ಇಂಥ ಕೈಗಳಿರುತ್ತವೆ. ಅವರು ಕೆಲಸ ಮಾಡುವಾಗ ಒಂದು ದಿನ ಪಕ್ಕದಲ್ಲಿ ಕುಳಿತು ನೋಡಿ, "ಇದನ್ನು ಹೇಗೆ ಮಾಡುತ್ತೀರಿ?" ಎಂದು ಕೇಳಿ. ಅವರಿಗೂ ಆಗಲೇ ಗೊತ್ತಾದೀತು.