ಬೋರ್ಲಿಯಲ್ಲಿ ನಿಜವಾಗಿ ಸತ್ತವರು

ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ಬಡಗಣ ಅಂಚಿನಲ್ಲಿ, ಸ್ಟೂರ್ ನದಿಯ ಕಣಿವೆಯ ಮೇಲಣ ದಿಣ್ಣೆಯಲ್ಲಿ ಬೋರ್ಲಿ ಎಂಬ ಸಣ್ಣ ಊರಿದೆ. ಅಲ್ಲೊಂದು ಇಲ್ಲೊಂದು ಮನೆ, ಸುತ್ತ ಹೊಲ, ರಸ್ತೆಯ ಬದಿಗೆ ಒಂದು ಹಳೆಯ ಚರ್ಚು. ಅದನ್ನು ಯಾವ ಸಂತರ ಹೆಸರಿನಲ್ಲಿ ಪ್ರತಿಷ್ಠಾಪಿಸಿದ್ದೆಂಬ ದಾಖಲೆಯೇ ಉಳಿದಿಲ್ಲ. ಹಾಗಾಗಿ ಎಲ್ಲರಿಗೂ ಅದು ಬರೀ ‘ಬೋರ್ಲಿ ಚರ್ಚು’. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತಳಾದ ನನಗೆ ಈ ಹೆಸರು ಗೊತ್ತಾದದ್ದು ಟ್ಯೂಡರ್ ಅರಸರ ಕಾಲದ ಕುರಿತ ಒಂದು ಪುಸ್ತಕದಿಂದ. ಕೋಲ್ಚೆಸ್ಟರ್‌ನಲ್ಲಿರುವ ಮಗಳಿಗೆ ಅಲ್ಲಿಗೆ ಕರೆದುಕೊಂಡು ಹೋಗೆಂದಾಗ ಅವಳು, “ಅಮ್ಮಾ, ಅದು ದೆವ್ವದ ಊರಲ್ಲವಾ? ಯೂಟ್ಯೂಬಿನಲ್ಲೆಲ್ಲ ಅದೇ ಇದೆ” ಎಂದಳು. ಆರಾಧನೆ ಇರುವ ಭಾನುವಾರ ನೋಡಿಕೊಂಡೇ ಹೋದೆವು. ಬೇರೆ ದಿನ ಬಾಗಿಲಿಗೆ ಬೀಗ ಇರುವುದೇ ಹೆಚ್ಚು.

ದೆವ್ವ ಚರ್ಚಿನದಲ್ಲ, ರಸ್ತೆಯಾಚೆಗಿದ್ದ ಪಾದ್ರಿಗಳ ಬಂಗಲೆಯದು. 1862-63ರಲ್ಲಿ ಹೆನ್ರಿ ಬುಲ್ ಎಂಬ ಪಾದ್ರಿ ತನ್ನ ದೊಡ್ಡ ಸಂಸಾರಕ್ಕೆಂದು ಕೆಂಪಿಟ್ಟಿಗೆಯ ಮನೆ ಕಟ್ಟಿಸಿದ. ಅವನಿಗೆ 14 ಮಕ್ಕಳು. ಆ ಜಾಗದಲ್ಲಿ ಹಿಂದೆ ಒಂದು ಮಠವಿತ್ತಂತೆ, ಅಲ್ಲಿಯ ಸನ್ಯಾಸಿಯೊಬ್ಬ ಒಬ್ಬಳು ಕನ್ಯಾಸ್ತ್ರೀಯೊಡನೆ ಓಡಿಹೋಗಲು ಹೊರಟು ಸಿಕ್ಕಿಬಿದ್ದನಂತೆ, ಅವನನ್ನು ಕೊಂದು ಅವಳನ್ನು ಜೀವಂತ ಗೋಡೆಯೊಳಗೆ ಇಟ್ಟು ಕಟ್ಟಿದರಂತೆ ಎಂಬ ಕತೆ ಮನೆಯಲ್ಲಿ ಓಡಾಡುತ್ತಿತ್ತು. 1900ರ ಜುಲೈ 28ರ ಮುಸ್ಸಂಜೆ ಬುಲ್‌ನ ನಾಲ್ವರು ಹೆಣ್ಣುಮಕ್ಕಳು ತೋಟದಲ್ಲಿ ಕನ್ಯಾಸ್ತ್ರೀಯ ಆಕೃತಿ ಕಂಡೆವೆಂದರು. ತಂದೆಯ ನಂತರ ಅದೇ ಚರ್ಚಿಗೆ ಪಾದ್ರಿಯಾದ ಮಗ ಹ್ಯಾರಿ ಬುಲ್ 1927ರಲ್ಲಿ ತೀರಿಕೊಳ್ಳುವವರೆಗೂ ಇದು ಆ ಮನೆಯವರ, ಆ ಊರಿನವರ ಮಾತಾಗಿಯೇ ಉಳಿದಿತ್ತು.

ಊರ ಹೊರಗೆ ಅದನ್ನು ಹೊತ್ತೊಯ್ದದ್ದು ಪತ್ರಿಕೆ. 1928ರಲ್ಲಿ ಎರಿಕ್ ಸ್ಮಿತ್ ಎಂಬ ಹೊಸ ಪಾದ್ರಿ ಬಂದರು. ಅವರು ಕಲ್ಕತ್ತೆಯಿಂದ ಬಂದವರು. ಬಂಗಲೆಯಲ್ಲಿ ವಿದ್ಯುತ್ತಿಲ್ಲ, ನಲ್ಲಿ ನೀರಿಲ್ಲ, ಚಳಿಗಾಲ ಬಂದರೆ ಬೆಚ್ಚಗಾಗದ ಹತ್ತಾರು ಕೋಣೆಗಳು. ಕಪಾಟು ಶುಚಿ ಮಾಡುವಾಗ ಅವರ ಹೆಂಡತಿಗೆ ಕಾಗದದಲ್ಲಿ ಸುತ್ತಿಟ್ಟ ತಲೆಬುರುಡೆ ಸಿಕ್ಕಿತು. ಇಂಥ ವಿಷಯಗಳನ್ನು ಪರಿಶೀಲಿಸುವ ಸಂಸ್ಥೆಯ ಪರಿಚಯ ಮಾಡಿಕೊಡಿ ಎಂದು ದಂಪತಿಗಳು ‘ಡೈಲಿ ಮಿರರ್’ ಪತ್ರಿಕೆಗೆ ಬರೆದರು. ಪತ್ರಿಕೆ ಅವರಿಗೆ ವಿಳಾಸ ಕೊಡುವ ಬದಲು ವರದಿಗಾರನನ್ನು ಕಳಿಸಿತು. 1929ರ ಜೂನ್ 10ರಂದು ಮೊದಲ ಸುದ್ದಿ ಅಚ್ಚಾಯಿತು. ಎರಡೇ ದಿನಕ್ಕೆ ಹ್ಯಾರಿ ಪ್ರೈಸ್ ಬಂದಿಳಿದ. ಪ್ರೇತಗಳ ಶೋಧವನ್ನೇ ಕಸುಬು ಮಾಡಿಕೊಂಡಿದ್ದ ಆತ ಕೈಚಳಕದ ಆಟಗಳನ್ನೂ ಕಲಿತಿದ್ದವನು. ನೋಡುಗರ ದಂಡು ಮೋಟಾರುಗಳಲ್ಲಿ ಬಂದು ತೋಟವನ್ನು ತುಳಿಯಿತು. ಜುಲೈ ತಿಂಗಳಲ್ಲೇ ಸ್ಮಿತ್ ದಂಪತಿಗಳು ಬಂಗಲೆ ಬಿಟ್ಟರು. ನೆರವು ಕೇಳಿದ್ದಕ್ಕೆ ಅವರಿಗೆ ಸಿಕ್ಕ ಫಲ ಅದು. ಇವತ್ತಿಗೂ ಅದನ್ನು ಓದುವಾಗ ನನಗೆ ಸಂಕಟವಾಗುತ್ತದೆ.

ಮುಂದಿನದನ್ನು ಬೇಗ ಹೇಳಿಬಿಡಬಹುದು. 1930ರಿಂದ 1935ರವರೆಗೆ ಫಾಯ್‌ಸ್ಟರ್ ಎಂಬ ಪಾದ್ರಿ ಮತ್ತು ಅವರ ಚಿಕ್ಕ ವಯಸ್ಸಿನ ಹೆಂಡತಿ ಮರಿಯಾನ್ ಅಲ್ಲಿದ್ದರು. ಬಾಟಲಿ ಹಾರಿದವಂತೆ, ಗಂಟೆ ತಾನೇ ಬಾರಿಸಿತಂತೆ, ಮರಿಯಾನ್‌ಳ ನೆರವು ಬೇಡುವ ಬರಹಗಳು ಗೋಡೆಗಳ ಮೇಲೆ ಕಂಡವು. 1937ರಲ್ಲಿ ಪ್ರೈಸ್ ಖಾಲಿ ಬಂಗಲೆಯನ್ನು ಒಂದು ವರ್ಷಕ್ಕೆ ಬಾಡಿಗೆಗೆ ಹಿಡಿದು, ‘ದಿ ಟೈಮ್ಸ್’ನಲ್ಲಿ ಜಾಹೀರಾತು ಕೊಟ್ಟು, 48 ಜನ ಕಾವಲುಗಾರರನ್ನು ಸರದಿಯ ಮೇಲೆ ಕೂರಿಸಿದ. 1939ರ ಫೆಬ್ರವರಿ 27ರಂದು ಹೊಸ ಮಾಲೀಕನ ಕೈಯಲ್ಲಿ ಬಂಗಲೆಗೆ ಬೆಂಕಿ ಬಿತ್ತು. ದೀಪ ಉರುಳಿತೆಂದು ಆತ ಹೇಳಿದ. ವಿಮಾ ಕಂಪನಿಯ ತನಿಖೆ ಅದನ್ನು ಮೋಸವೆಂದು ತೀರ್ಮಾನಿಸಿತು. 1944ರಲ್ಲಿ ಉಳಿದ ಗೋಡೆಗಳನ್ನೂ ಕೆಡವಿದರು. 1956ರಲ್ಲಿ ಡಿಂಗ್ವಾಲ್, ಗೋಲ್ಡ್ನಿ ಮತ್ತು ಹಾಲ್ ಎಂಬ ಮೂವರು ಸಂಶೋಧಕರು ಇಡೀ ಪ್ರಕರಣವನ್ನು ಬಿಡಿಸಿ ನೋಡಿ, ಪ್ರೈಸ್‌ನ ವರದಿಗಳನ್ನು ನಂಬಲಾಗದು, ಕೆಲವು ಘಟನೆಗಳಲ್ಲಿ ಅವನದೇ ಕೈಯಿದ್ದಿರಬೇಕು ಎಂದು ಬರೆದರು. ಅಷ್ಟು ಹೊತ್ತಿಗೆ ಅವನು ಸತ್ತು ಎಂಟು ವರ್ಷವಾಗಿತ್ತು, ಅವನ ಪುಸ್ತಕಗಳು ಮನೆಮನೆ ತಲುಪಿದ್ದವು.

ಬಂಗಲೆ ಹೋದ ಮೇಲೆ ದೆವ್ವವನ್ನು ಹುಡುಕಿ ಬಂದವರಿಗೆ ಉಳಿದದ್ದು ಎದುರಿನ ಚರ್ಚು ಮತ್ತು ಅದರ ಗೋರಿಗಳು. 1970ರ ದಶಕದಲ್ಲಿ ರಾತ್ರಿ ಚರ್ಚಿನೊಳಗೆ ಟೇಪ್ ರೆಕಾರ್ಡರ್ ಇಟ್ಟು ನಿಟ್ಟುಸಿರು, ಕಾಲ ಸಪ್ಪಳ ಹಿಡಿದೆವೆಂದರು. ಬಿಬಿಸಿ ಕೂಡ ಅದರ ಮೇಲೆ ಕಾರ್ಯಕ್ರಮ ಮಾಡಿತು.

ನಾವು ಹೋದಾಗ ಅಂಗಳದ ಕಾಲುದಾರಿಯ ಎರಡೂ ಕಡೆ ಕತ್ತರಿಸಿ ದುಂಡು ಮಾಡಿದ ಯೂ ಮರಗಳು ಸಾಲಾಗಿ ನಿಂತಿದ್ದವು. ಇಟ್ಟಿಗೆಯ ಮುಖಮಂಟಪ, ಕಲ್ಲಿನ ಗೋಪುರ. ತಂದೆ-ಮಗ ಬುಲ್ ಇಬ್ಬರೂ ಇದೇ ಅಂಗಳದಲ್ಲಿದ್ದಾರೆ. ನಾನು ಬಂದದ್ದು ಮಾತ್ರ ಒಳಗಿರುವ ಒಂದು ಗೋರಿಗಾಗಿ. ಅಷ್ಟು ಪುಟ್ಟ ಚರ್ಚಿಗೆ ಅದು ತೀರ ದೊಡ್ಡದು. ಆರು ಕಂಬಗಳ ಮೇಲೆ ಕಲ್ಲಿನ ಚಪ್ಪರ, ಅದರಡಿ ಕೈಮುಗಿದು ಮಲಗಿರುವ ಗಂಡ-ಹೆಂಡತಿ, ಕೆಳಗೆ ಮಂಡಿಯೂರಿದ ಮಕ್ಕಳು. ಗಂಡ ಸರ್ ಎಡ್ವರ್ಡ್ ವಾಲ್ಡ್‌ಗ್ರೇವ್, ಹೆಂಡತಿ ಫ್ರಾನ್ಸಿಸ್.

ಈತ ರಾಜಕುಮಾರಿ ಮೇರಿಯ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಅಧಿಕಾರಿಗಳಲ್ಲಿ ಒಬ್ಬ. ಮೇರಿಯ ತಮ್ಮ, ಪ್ರೊಟೆಸ್ಟಂಟ್ ದೊರೆ ಆರನೆಯ ಎಡ್ವರ್ಡನ ಆಳ್ವಿಕೆಯಲ್ಲಿ, 1551ರಲ್ಲಿ, ಅವಳ ಮನೆಯಲ್ಲಿ ಕ್ಯಾಥೊಲಿಕ್ ಬಲಿಪೂಜೆ (ಮಾಸ್) ನಿಲ್ಲಿಸಬೇಕೆಂದು ಅಪ್ಪಣೆಯಾಯಿತು. ಅದನ್ನು ಅವಳಿಗೆ ತಲುಪಿಸಿ ಜಾರಿ ಮಾಡಲು ವಾಲ್ಡ್‌ಗ್ರೇವ್ ಮತ್ತು ಅವನ ಇಬ್ಬರು ಜೊತೆಗಾರರು ಒಪ್ಪಲಿಲ್ಲ. ಮೂವರೂ ಸೆರೆಗೆ ಹೋದರು. 1553ರಲ್ಲಿ ಮೇರಿ ರಾಣಿಯಾದಾಗ ಅವನಿಗೆ ದೊಡ್ಡ ಹುದ್ದೆಗಳು ಬಂದವು. ಅದೇ ಮೇರಿ ಪ್ರೊಟೆಸ್ಟಂಟರನ್ನು ಸುಡಿಸಿದಳು ಎಂಬುದನ್ನೂ ಹೇಳಲೇಬೇಕು. ಅಧಿಕಾರದಲ್ಲಿದ್ದ ವಾಲ್ಡ್‌ಗ್ರೇವ್ ಆ ಪಾಪದಿಂದ ಪೂರ್ತಿ ಹೊರಗಿದ್ದನೆಂದು ನಾನು ವಾದಿಸುವುದಿಲ್ಲ. 1558ರಲ್ಲಿ ಮೇರಿ ಸತ್ತು ಎಲಿಜಬೆತ್ ಬಂದಳು, ಬಲಿಪೂಜೆ ಮತ್ತೆ ಅಪರಾಧವಾಯಿತು. 1561ರ ಏಪ್ರಿಲಿನಲ್ಲಿ ಬಲಿಪೂಜೆ ನಡೆಸಿದರೆಂದು ಗಂಡ-ಹೆಂಡತಿಯರನ್ನು ಹಿಡಿದರು. ಸೆಪ್ಟೆಂಬರ್ 1ರಂದು ಅವನು ಲಂಡನ್ ಟವರಿನ ಸೆರೆಯಲ್ಲೇ ಸತ್ತ. ಫ್ರಾನ್ಸಿಸ್ ಇನ್ನೂ 38 ವರ್ಷ ಬದುಕಿದಳು.

ಇನ್ನು ಆ ಕನ್ಯಾಸ್ತ್ರೀಯ ವಿಷಯ. ಬೋರ್ಲಿಯಲ್ಲಿ ಆ ಮಠವಿತ್ತೆಂಬುದಕ್ಕೆ ಆಧಾರವಿಲ್ಲ. ಗೋಡೆಯೊಳಗೆ ಹೂತ ಕನ್ಯಾಸ್ತ್ರೀ 19ನೆಯ ಶತಮಾನದ ಇಂಗ್ಲೆಂಡಿಗೆ ಚಿರಪರಿಚಿತಳು. ವಾಲ್ಟರ್ ಸ್ಕಾಟ್‌ನ ‘ಮಾರ್ಮಿಯನ್’ ಕಾವ್ಯದಲ್ಲಿ, 1808ರಲ್ಲೇ, ಅವಳಿದ್ದಾಳೆ. ಎಂಟನೆಯ ಹೆನ್ರಿ 1536ರಿಂದ 1540ರೊಳಗೆ ದೇಶದ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿ ಹಂಚಿದ. ಮಠಗಳು ಹೋಗಿ ಮುನ್ನೂರು ವರ್ಷವಾದ ಮೇಲೂ, ಮುಚ್ಚಿದ ಬಾಗಿಲುಗಳ ಹಿಂದೆ ಕ್ಯಾಥೊಲಿಕರು ಹೆಣ್ಣುಮಕ್ಕಳನ್ನು ಹಿಂಸಿಸುತ್ತಾರೆ ಎಂಬ ಭಯ ಪ್ರೊಟೆಸ್ಟಂಟ್ ಮನೆಗಳಲ್ಲಿ ಉಳಿದಿತ್ತು. ಪಾದ್ರಿ ಬುಲ್‌ನ ತೋಟದಲ್ಲಿ ಅಡ್ಡಾಡಿದ್ದು ಆ ಭಯವೇ ಎಂದು ನನ್ನ ತಿಳಿವಳಿಕೆ.

ಆಮೇಲೆ ಆದದ್ದು ಇದಕ್ಕಿಂತ ಕೆಟ್ಟದು. ಬಂಗಲೆಯ ಪರಿಶೀಲನೆಯ ಕಾಲದಲ್ಲಿ ಪ್ಲಾಂಚೆಟ್ ಹಲಗೆಯ ಮುಂದೆ ಕೂತವರಿಗೆ ಕನ್ಯಾಸ್ತ್ರೀ ತನ್ನ ಹೆಸರು ಮೇರಿ ಲೇರ್ ಎಂದಳಂತೆ. ಅದನ್ನು ಹಿಗ್ಗಿಸಿ, ಅವಳು ಫ್ರಾನ್ಸಿನಿಂದ ಬಂದವಳು, 1667ರಲ್ಲಿ ವಾಲ್ಡ್‌ಗ್ರೇವ್ ಮನೆತನದವನೊಬ್ಬ ಅವಳನ್ನು ಕತ್ತು ಹಿಸುಕಿ ಕೊಂದ ಎಂಬ ಕತೆ ಹೆಣೆದರು. 1943ರಲ್ಲಿ ಪ್ರೈಸ್ ಬಂಗಲೆಯ ನೆಲಮಾಳಿಗೆ ಅಗೆಸಿ ದವಡೆಯ ಮೂಳೆ ತೆಗೆಸಿದ. 1945ರಲ್ಲಿ ಅದನ್ನು ಪಕ್ಕದ ಲಿಸ್ಟನ್ ಊರಿನ ಚರ್ಚಿನಂಗಳದಲ್ಲಿ ಮಣ್ಣು ಮಾಡಿದರು. ಪೂಜೆಗಾಗಿ ಸೆರೆ ಕಂಡ ಮನೆತನ, ಒಂದೇ ಒಂದು ಕಾಗದದ ಆಧಾರವಿಲ್ಲದೆ, ಕನ್ಯಾಸ್ತ್ರೀಯನ್ನು ಕೊಂದ ಮನೆತನವಾಯಿತು. ಸತ್ತವರು ನ್ಯಾಯಾಲಯಕ್ಕೆ ಬರುವಂತಿಲ್ಲ. ಅದಕ್ಕೇ ಅವರ ಪರವಾಗಿ ದಾಖಲೆ ಓದುವವರಿರಬೇಕು.

ಆರಾಧನೆ ಮುಗಿದ ಮೇಲೆ ಚರ್ಚಿನ ಉಸ್ತುವಾರಿ ನೋಡುವ ಹಿರಿಯರೊಬ್ಬರ ಜೊತೆ ಮಾತಾಡಿದೆ. ಅವರು ದೆವ್ವದ ವಿಷಯವನ್ನೇ ಎತ್ತಲಿಲ್ಲ. ಚಾವಣಿಯ ರಿಪೇರಿ, ಹ್ಯಾಲೋವೀನ್ ರಾತ್ರಿ ಗೋರಿಗಳ ಮೇಲೆ ಹತ್ತಿ ಕೂಗಾಡುವ ಗುಂಪುಗಳು, ಬೆಳಿಗ್ಗೆ ಹೆಕ್ಕಬೇಕಾದ ಬಾಟಲಿಗಳು, ಇದೇ ಅವರ ಚಿಂತೆ. ಅಲ್ಲಿ ಮಲಗಿರುವವರು ಆ ಊರವರ ಅಪ್ಪ, ಅಮ್ಮ, ಅಜ್ಜ, ಅಜ್ಜಿ. ಅವರ ಗೋರಿಗೆ ಹೂ ಇಡಲು ಬರುವವರು ಈಗಲೂ ಇದ್ದಾರೆ.

ನಾವು ಹೊರಡುವ ಹೊತ್ತಿಗೆ ಕಾಲೇಜು ಹುಡುಗರು ನಾಲ್ಕು ಜನ ಕಾರು ನಿಲ್ಲಿಸಿ, ಬಂಗಲೆ ಎಲ್ಲಿ ಎಂದು ಕೇಳಿದರು. ರಸ್ತೆಯಾಚೆ ಈಗಿರುವುದು ಬೇರೆಯವರ ಮನೆಗಳು, ಅಲ್ಲಿಗೆ ನುಗ್ಗಬೇಡಿ ಎಂದು ಮಗಳು ಹೇಳಿದಳು. ಚರ್ಚು ಇನ್ನೂ ತೆರೆದಿದೆ, ಒಳಗೆ ಆರು ಕಂಬಗಳ ಗೋರಿಯೊಂದಿದೆ, ನೋಡಿ ಎಂದು ನಾನು ಹೇಳಿದೆ. ಇಬ್ಬರು ಬಂದರು. ವಾಲ್ಡ್‌ಗ್ರೇವ್ ಯಾಕೆ ಸೆರೆಗೆ ಹೋದ, ಎರಡನೆಯ ಸಲದ ಸೆರೆಯಲ್ಲಿ ಹೇಗೆ ಸತ್ತ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವರಲ್ಲೊಬ್ಬ, ಪೂಜೆ ಮಾಡಿದ್ದಕ್ಕೇನಾ ಎಂದು ಎರಡು ಸಲ ಕೇಳಿದ.