ಗೃಹ ಕರಕುಶಲ ಕಲಿಕೆ: ಸೂಜಿಕೆಲಸ ಹಾಗೂ ಕಾಗದಕೆಲಸದ ಇತಿಹಾಸ

ವೃತ್ತಿಸಂಘ, ಕಾರ್ಯಾಗಾರ ಅಥವಾ ಕುಲಕಸುಬಿನ ಚೌಕಟ್ಟಿನ ಹೊರಗೆ, ಮನೆಯೊಳಗೇ, ಬಹುಪಾಲು ಮಾರಾಟದ ಉದ್ದೇಶವಿಲ್ಲದೆ ಕೈಕೆಲಸಗಳನ್ನು ಕಲಿಯುವ ರೂಢಿಯನ್ನು ಗೃಹ ಕರಕುಶಲ ಕಲಿಕೆ ಎನ್ನಬಹುದು. ಬಟ್ಟೆಯ ಮೇಲೆ ಸೂಜಿ-ದಾರಗಳಿಂದ ಚಿತ್ತಾರ ಬಿಡಿಸುವ ಕಸೂತಿಯೂ, ಕಾಗದವನ್ನು ಮಡಿಸುವ, ಕತ್ತರಿಸಿ ಅಂಟಿಸುವ, ಸುರುಳಿ ಸುತ್ತುವ ಕೆಲಸಗಳೂ ಇದರಲ್ಲಿ ಮುಖ್ಯವಾದವು. ಮೂಲಭೂತ ಹೊಲಿಗೆಗಳೂ ಮಡಿಕೆಗಳೂ ಶತಮಾನಗಳುದ್ದಕ್ಕೂ ಹೆಚ್ಚುಕಡಿಮೆ ಅವೇ ಆಗಿ ಉಳಿದಿದ್ದು, ವಿನ್ಯಾಸವೊಂದು ಬಲ್ಲವರಿಂದ ಕಲಿಯುವವರ ಕೈ ಸೇರುವ ದಾರಿ ಮಾತ್ರ ಮತ್ತೆ ಮತ್ತೆ ಬದಲಾಗಿದೆ. ಆದ್ದರಿಂದ ಈ ಕಲಿಕೆಯ ಚರಿತ್ರೆಯನ್ನು ಬರೆಯುವುದೆಂದರೆ ಬಹುಮಟ್ಟಿಗೆ ವಿನ್ಯಾಸಗಳ ಸಾಗಾಟದ ಚರಿತ್ರೆಯನ್ನೇ ಬರೆಯುವುದು. ಅದರಲ್ಲಿ ಸೂಜಿಗೂ ಕಾಗದಕ್ಕೂ ಇರುವ ನಂಟು ಮೇಲ್ನೋಟಕ್ಕೆ ತೋರುವುದಕ್ಕಿಂತ ಹಳೆಯದು.

ಯುರೋಪಿನಲ್ಲಿ ಮುದ್ರಿತ ಪುಸ್ತಕಗಳು ಮನೆಮನೆಗೆ ಬರುವ ಮೊದಲು ವಿನ್ಯಾಸಗಳನ್ನು ಕಾಪಿಡುತ್ತಿದ್ದದ್ದು ಬಟ್ಟೆಯೇ. ಎಲ್ಲೋ ಕಂಡ ಅಂಚು, ಹೂಬಳ್ಳಿ ಅಥವಾ ಅಕ್ಷರವನ್ನು ಮರೆಯದಿರಲೆಂದು ಉದ್ದನೆಯ ನಾರುಬಟ್ಟೆಯ ಪಟ್ಟಿಯೊಂದರ ಮೇಲೆ ಸ್ವಲ್ಪ ಸ್ವಲ್ಪ ಹೊಲಿದಿಟ್ಟುಕೊಳ್ಳುವ ಪದ್ಧತಿಯಿತ್ತು. ಸ್ಯಾಂಪ್ಲರ್ ಎಂದು ಕರೆಯಲಾಗುವ ಈ ಮಾದರಿ ಬಟ್ಟೆಯನ್ನು ಸುರುಳಿ ಸುತ್ತಿ ಇಟ್ಟು, ಬೇಕಾದಾಗ ಬಿಚ್ಚಿ ನೋಡಿಕೊಳ್ಳಲಾಗುತ್ತಿತ್ತು. ಇಸವಿ ನಮೂದಾಗಿರುವ ಇಂಗ್ಲಿಷ್ ಸ್ಯಾಂಪ್ಲರುಗಳಲ್ಲಿ ಈಗ ತಿಳಿದಿರುವ ಅತ್ಯಂತ ಹಳೆಯದು 1598ರದು. ಜೇನ್ ಬಾಸ್ಟಾಕ್ ಎಂಬಾಕೆ ಹೊಲಿದ ಅದು ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಮುಂದಿನ ಎರಡು ಶತಮಾನಗಳಲ್ಲಿ ಇದರ ಸ್ವರೂಪವೇ ಮಾರ್ಪಟ್ಟಿತು. ಅನುಭವಿಗಳ ನೆನಪಿನ ಪಟ್ಟಿಯಾಗಿದ್ದದ್ದು ಶಾಲಾ ಬಾಲಕಿಯರ ಅಭ್ಯಾಸಪಾಠವಾಗಿ, ಅಕ್ಷರಮಾಲೆ, ಅಂಕಿಗಳು ಮತ್ತು ನೀತಿವಾಕ್ಯಗಳನ್ನು ಹೊಲಿದು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವ ವಸ್ತುವಾಯಿತು. ವಸಾಹತು ಕಾಲದಲ್ಲಿ ಭಾರತದ ಮಿಷನ್ ಶಾಲೆಗಳ ಹೊಲಿಗೆ ತರಗತಿಗಳಿಗೆ ಬಂದು ತಲುಪಿದ್ದು ಈ ಎರಡನೆಯ ರೂಪ.

ಮುದ್ರಣ ಬಂದ ಮೇಲೆ ವಿನ್ಯಾಸ ಕಾಗದಕ್ಕೆ ಏರಿತು. ಜರ್ಮನಿಯ ಆಗ್ಸ್‌ಬರ್ಗಿನ ಮುದ್ರಕ ಯೋಹಾನ್ ಶೋನ್ಸ್‌ಪೆರ್ಗರ್ 1520ರ ದಶಕದ ಮೊದಲರ್ಧದಲ್ಲಿ ಹೊರತಂದದ್ದನ್ನು ಕಸೂತಿ ಮತ್ತು ನೇಯ್ಗೆಯ ಮಾದರಿಗಳ ಮೊದಲ ಮುದ್ರಿತ ಪುಸ್ತಕವೆಂದು ಪರಿಗಣಿಸಲಾಗುತ್ತದೆ. ಕೊಲೋನ್, ವೆನಿಸ್ ಮತ್ತು ಪ್ಯಾರಿಸ್ ನಗರಗಳ ಮುದ್ರಕರು ಇದನ್ನು ಬೇಗ ಅನುಸರಿಸಿದರು. 1587ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾದ ಫೆಡೆರಿಕೊ ವಿಂಚಿಯೊಲೊನ ಸಂಗ್ರಹ ಹಲವು ಬಾರಿ ಮರುಮುದ್ರಣಗೊಂಡಿತು. ಅರಮನೆಯ ದರ್ಜಿಗಳಿಗೆ ಮಾತ್ರ ಎಟುಕುತ್ತಿದ್ದ ವಿನ್ಯಾಸ ಇದರಿಂದ ಪಟ್ಟಣದ ಸಾಧಾರಣ ಗೃಹಿಣಿಗೂ ಸಿಗುವಂತಾದರೂ, ಪುಸ್ತಕವನ್ನು ಬಳಸುವುದೆಂದರೆ ಅದನ್ನು ಹಾಳುಮಾಡುವುದೇ ಆಗಿತ್ತು. ಚಿತ್ರದ ಗೆರೆಗಳ ಗುಂಟ ಸೂಜಿಯಿಂದ ಒತ್ತೊತ್ತಾಗಿ ತೂತು ಚುಚ್ಚಿ, ಹಾಳೆಯನ್ನು ಬಟ್ಟೆಯ ಮೇಲೆ ಹರಡಿ, ಇದ್ದಿಲ ಪುಡಿಯ ಪುಟ್ಟ ಗಂಟಿನಿಂದ ತಟ್ಟಿದರೆ ತೂತುಗಳ ಮೂಲಕ ಪುಡಿ ಇಳಿದು ಬಟ್ಟೆಯ ಮೇಲೆ ಚುಕ್ಕಿಸಾಲು ಮೂಡುತ್ತಿತ್ತು. ಆ ಕಾಲದ ಮಾದರಿ ಪುಸ್ತಕಗಳು ಇಂದು ವಿರಳವಾಗಿರುವುದಕ್ಕೆ ಇದೂ ಒಂದು ಕಾರಣ. ಓದದೆ ಬಿಟ್ಟವು ಉಳಿದವು, ಉಪಯೋಗಕ್ಕೆ ಬಂದವು ಅಳಿದವು. ಈ ತಂತ್ರ ಮಾತ್ರ ಅಳಿದಿಲ್ಲ. ಭಾರತದ ಜರ್ದೋಜಿ ಕೆಲಸಗಾರರು ಖಾಕಾ ಎನ್ನುವ ತೂತಿನ ಹಾಳೆ ಇದೇ ತತ್ತ್ವದ್ದು. ಕರ್ನಾಟಕದ ಊರುಗಳಲ್ಲಿ ಇಂದು ರವಿಕೆಗಳಿಗೆ ಆರಿ ವರ್ಕ್ ಕಲಿಯುವವರೂ, ಅಂದರೆ ಕೊಕ್ಕೆ ಮೊನೆಯ ಸೂಜಿಯಿಂದ ಸರಪಳಿ ಹೊಲಿಗೆ ಎಳೆಯುವುದನ್ನು ಕಲಿಯುವವರೂ, ಟ್ರೇಸಿಂಗ್ ಕಾಗದಕ್ಕೆ ತೂತು ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಅದರ ಮೇಲೆ ಒರೆಸುತ್ತಾರೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದ ಪ್ರಕಾಶಕರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಚೌಕುಳಿ ಕಾಗದದ ಒಂದೊಂದು ಮನೆಗೂ ಕೈಯಿಂದ ಬಣ್ಣ ತುಂಬಿದ ನಕ್ಷೆಗಳನ್ನು ಮಾರತೊಡಗಿದರು. ಒಂದು ಚೌಕ ಎಂದರೆ ಬಟ್ಟೆಯ ಮೇಲೆ ಒಂದು ಹೊಲಿಗೆ ಎಂಬ ಸರಳ ಲೆಕ್ಕದಿಂದಾಗಿ, ಚಿತ್ರ ಬರೆಯಲು ಬಾರದವರೂ ಬಣ್ಣದ ಉಣ್ಣೆದಾರದಲ್ಲಿ ಗುಲಾಬಿಯನ್ನೋ ಗಿಣಿಯನ್ನೋ ತಪ್ಪಿಲ್ಲದೆ ಮೂಡಿಸಬಹುದಾಯಿತು. ಬರ್ಲಿನ್ ಉಣ್ಣೆಕೆಲಸವೆಂದು ಹೆಸರಾದ ಈ ಶೈಲಿ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದ ಮಧ್ಯಮವರ್ಗದ ಮನೆಗಳನ್ನು ಆವರಿಸಿತು. ಕಲಿಕೆ ಇಷ್ಟು ಸುಲಭವಾದದ್ದಕ್ಕೆ ತೆತ್ತ ಬೆಲೆಯೂ ಇತ್ತು: ನಕ್ಷೆಯನ್ನು ಅನುಸರಿಸುವ ಕೈಗೆ ಬಣ್ಣದ ಆಯ್ಕೆಯಾಗಲಿ ಹೊಲಿಗೆಯ ಆಯ್ಕೆಯಾಗಲಿ ಉಳಿಯಲಿಲ್ಲ. 1872ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾಗಿ ಮುಂದೆ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್ ಎಂದು ಹೆಸರಾದ ಶಾಲೆಯ ಉದ್ದೇಶಗಳಲ್ಲಿ, ಇಂಥ ಎಣಿಕೆಯ ಕೆಲಸದಿಂದಾಗಿ ಮರೆಯಾಗುತ್ತಿದ್ದ ಹಳೆಯ ಹೊಲಿಗೆಗಳನ್ನು ಮತ್ತೆ ರೂಢಿಗೆ ತರುವುದೂ ಒಂದಾಗಿತ್ತು.

ಗುರುವಿಲ್ಲದೆ ಕಲಿಯುವವರಿಗೆ ಸಿಕ್ಕ ಬಹುದೊಡ್ಡ ಆಧಾರವೆಂದರೆ ತೆರೇಸ್ ದ ದಿಲ್ಮಾಂಟ್ (1846–1890) ರಚಿಸಿದ ಸೂಜಿಕೆಲಸದ ವಿಶ್ವಕೋಶ. 1886ರಲ್ಲಿ ಪ್ರಕಟವಾದ ಈ ಗ್ರಂಥ ಸೂಜಿ ಹಿಡಿಯುವ ಬಗೆಯಿಂದ ತೊಡಗಿ ಲೇಸು, ಹೆಣಿಗೆ, ಕ್ರೋಶಾಗಳವರೆಗೆ ಪ್ರತಿಯೊಂದು ಹೊಲಿಗೆಯನ್ನೂ ಕೈ-ದಾರಗಳ ರೇಖಾಚಿತ್ರ ಸಹಿತ ವಿವರಿಸಿತು, ಹಲವು ಭಾಷೆಗಳಿಗೆ ಅನುವಾದವಾಯಿತು. ಅದರ ಹಿಂದೆ ವ್ಯಾಪಾರವೂ ಇತ್ತು. ಲೇಖಕಿಯ ಜೊತೆಗಿದ್ದದ್ದು 1746ರಲ್ಲಿ ಮುಲ್ಹೌಸ್ ಪಟ್ಟಣದಲ್ಲಿ ಆರಂಭವಾದ, ಡಿಎಂಸಿ ಎಂಬ ಹೆಸರಿನಿಂದ ಇಂದಿಗೂ ಪರಿಚಿತವಾಗಿರುವ ದಾರದ ಕಂಪನಿ. ದಾರ ಮಾರುವವರೇ ಹೊಲಿಗೆ ಕಲಿಸುವ ಈ ಏರ್ಪಾಡು ಮುಂದೆ ಎಲ್ಲೆಡೆ ರೂಢಿಯಾಯಿತು. ಬಣ್ಣಕ್ಕೊಂದು ಸಂಖ್ಯೆ ಕೊಟ್ಟ ದಾರದ ಲಡಿಗಳು ಮತ್ತು ಆ ಸಂಖ್ಯೆಗಳನ್ನೇ ಸೂಚಿಸುವ ಮಾದರಿ ಹಾಳೆಗಳು ಒಂದನ್ನೊಂದು ಮಾರಾಟ ಮಾಡಿಸಿದವು.

ಕಾಗದವನ್ನೇ ಮಾಧ್ಯಮವಾಗಿಸಿಕೊಂಡ ಗೃಹಕಲೆಗಳು ಇದಕ್ಕೆ ಸಮಾಂತರವಾಗಿ ಬೆಳೆದವು. ಹೊನ್ನಂಚಿನ ಕಿರಿದಾದ ಕಾಗದದ ಪಟ್ಟಿಗಳನ್ನು ಸುರುಳಿ ಸುತ್ತಿ, ಅಂಚಿನ ಮೇಲೆ ನಿಲ್ಲಿಸಿ ಅಂಟಿಸುವ ಕ್ವಿಲಿಂಗ್ ಕೆಲಸವನ್ನು ಯುರೋಪಿನ ಕ್ರೈಸ್ತ ಸನ್ಯಾಸಿನಿಯರು ಪವಿತ್ರ ವಸ್ತುಗಳ ಅಲಂಕಾರಕ್ಕೆ ಬಳಸುತ್ತಿದ್ದರು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದು ಸಿರಿವಂತ ಮಹಿಳೆಯರ ಬಿಡುವಿನ ಕೆಲಸವಾಯಿತು. ಆ ಕಾಲದ ಅತ್ಯಂತ ಅಪೂರ್ವ ಸಾಧನೆ ಮಾತ್ರ ಯಾವ ಮಾದರಿ ಪುಸ್ತಕದಿಂದಲೂ ಬಂದದ್ದಲ್ಲ. ಜೀವನವಿಡೀ ಕಸೂತಿ ಮಾಡಿದ್ದ ಮೇರಿ ಡೆಲನಿ (1700–1788), ಸುಮಾರು 72ನೆಯ ವಯಸ್ಸಿನಲ್ಲಿ, ಬಣ್ಣದ ಕಾಗದವನ್ನು ಅತಿ ಸಣ್ಣ ಚೂರುಗಳಾಗಿ ಕತ್ತರಿಸಿ ಕಪ್ಪು ಹಿನ್ನೆಲೆಯ ಮೇಲೆ ಅಂಟಿಸುತ್ತ ಗಿಡ-ಹೂಗಳನ್ನು ರೂಪಿಸುವ ಹೊಸ ವಿಧಾನವೊಂದನ್ನು ಕಂಡುಕೊಂಡರು. ದೃಷ್ಟಿ ಮಂದವಾಗಿ ಕೆಲಸ ನಿಲ್ಲಿಸುವ ವೇಳೆಗೆ ಅವರು ರಚಿಸಿದ್ದ ಚಿತ್ರಗಳ ಸಂಖ್ಯೆ 900 ದಾಟಿತ್ತು. ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಅವುಗಳ ಕೇಸರ-ಎಸಳುಗಳ ನಿಖರತೆಯನ್ನು ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ಅವರಂಥವರೂ ಮೆಚ್ಚಿದ್ದರು. ಎಸಳೊಂದರ ನೆರಳನ್ನು ಹತ್ತಾರು ಛಾಯೆಗಳ ತುಣುಕುಗಳಿಂದ ಕಟ್ಟುವ ಈ ಕ್ರಮದಲ್ಲಿ, ರೇಷ್ಮೆದಾರದ ಛಾಯೆಗಳನ್ನು ಒಂದರ ಪಕ್ಕ ಒಂದು ಹೊಂದಿಸಿ ಪಳಗಿದ ಕಣ್ಣನ್ನು ಗುರುತಿಸಬಹುದು.

ಕಾಗದಕೆಲಸವನ್ನು ಮಕ್ಕಳ ಕಲಿಕೆಯ ಭಾಗವಾಗಿಸಿದ ಶ್ರೇಯಸ್ಸು ಜರ್ಮನಿಯ ಶಿಕ್ಷಣತಜ್ಞ ಫ್ರೆಡ್ರಿಕ್ ಫ್ರೋಬೆಲ್ (1782–1852) ಅವರಿಗೆ ಸಲ್ಲಬೇಕು. 1837ರಲ್ಲಿ ಬಾಡ್ ಬ್ಲಾಂಕೆನ್‌ಬರ್ಗ್ ಪಟ್ಟಣದಲ್ಲಿ ಅವರು ಆರಂಭಿಸಿದ ಸಂಸ್ಥೆ ಮುಂದೆ ಕಿಂಡರ್‌ಗಾರ್ಟನ್ ಎಂದು ಪ್ರಸಿದ್ಧವಾಯಿತು. ಅವರ ಪದ್ಧತಿಯಲ್ಲಿ ಕಾಗದ ಮಡಿಸುವುದು, ಕತ್ತರಿಸುವುದು, ಪಟ್ಟಿಗಳನ್ನು ನೇಯುವುದು ಮಾತ್ರವಲ್ಲದೆ ರಟ್ಟಿನ ಮೇಲೆ ತೂತು ಚುಚ್ಚಿ ಬಣ್ಣದ ದಾರ ಪೋಣಿಸುವುದೂ ಇತ್ತು. ಕಸೂತಿಯ ಪೂರ್ವಸಿದ್ಧತೆಗೆ ಮೀಸಲಾಗಿದ್ದ ತೂತಿನ ಹಾಳೆ ಇಲ್ಲಿ ತಾನೇ ಹೊಲಿಗೆಯ ನೆಲವಾಯಿತು. ಭಾರತದಲ್ಲಿ ಇದರ ಫಲ ಅನಿರೀಕ್ಷಿತ ಕ್ಷೇತ್ರವೊಂದರಲ್ಲಿ ಕಾಣಿಸಿಕೊಂಡಿತು. ಕಿಂಡರ್‌ಗಾರ್ಟನ್ನಿನ ಕಾಗದ ಮಡಿಕೆಯ ಪೆಟ್ಟಿಗೆಯಿಂದ ಪ್ರೇರಣೆ ಪಡೆದ ಟಿ. ಸುಂದರ ರಾವ್, ಮಡಿಸಿದ ಕಾಗದದಿಂದಲೇ ರೇಖಾಗಣಿತದ ರಚನೆಗಳನ್ನು ಸಾಧಿಸುವ ಇಂಗ್ಲಿಷ್ ಗ್ರಂಥವೊಂದನ್ನು 1893ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಚೌಕ ಹಾಳೆ, ಚಾಕು ಮತ್ತು ಬೆರಳುಗಳಷ್ಟರಿಂದಲೇ ಸಮಬಹುಭುಜಗಳನ್ನು ಪಡೆಯುವ ಆ ಪುಸ್ತಕವನ್ನು ಜರ್ಮನ್ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಉಲ್ಲೇಖಿಸಿದರು, 1901ರಲ್ಲಿ ಷಿಕಾಗೊದಿಂದ ಅದರ ಮರುಮುದ್ರಣ ಬಂದಿತು.

ಜಪಾನಿನಲ್ಲಿ ಕಾಗದ ಮಡಿಕೆ ಸ್ವತಂತ್ರವಾಗಿಯೇ ಬೆಳೆದಿತ್ತು; ಒಂದೇ ಹಾಳೆಯಿಂದ ಒಂದಕ್ಕೊಂದು ಕೂಡಿದ ಕೊಕ್ಕರೆಗಳನ್ನು ಮಾಡುವ 49 ವಿಧಗಳನ್ನು ತೋರಿಸುವ ಪುಸ್ತಕ ಅಲ್ಲಿ 1797ರಷ್ಟು ಹಿಂದೆಯೇ ಪ್ರಕಟವಾಗಿತ್ತು. 1876ರಲ್ಲಿ ಟೋಕಿಯೊದಲ್ಲಿ ಶಿಶುವಿಹಾರ ಆರಂಭವಾದಾಗ ಫ್ರೋಬೆಲ್ ಪದ್ಧತಿಯ ಮಡಿಕೆಗಳು ಸ್ಥಳೀಯ ಮಡಿಕೆಗಳೊಡನೆ ಬೆರೆತವು. ಆದರೂ ಬಹುಕಾಲ ಒಂದು ಕೊರತೆ ಉಳಿದಿತ್ತು: ಪೂರ್ಣಗೊಂಡ ರೂಪವನ್ನು ಚಿತ್ರಿಸುವುದು ಸುಲಭ, ಅಲ್ಲಿಗೆ ತಲುಪಿಸುವ ಚಲನೆಯನ್ನು ಹಾಳೆಯ ಮೇಲೆ ಬರೆಯುವುದು ಕಷ್ಟ. ಅಕಿರಾ ಯೊಶಿಜಾವಾ (1911–2005) 1954ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಒಳಮಡಿಕೆಗೆ ತುಂಡುಗೆರೆ, ಹೊರಮಡಿಕೆಗೆ ಗೆರೆ-ಚುಕ್ಕಿಗಳ ಸಾಲು, ದಿಕ್ಕಿಗೆ ಬಾಣ ಎಂಬ ಸಂಕೇತಕ್ರಮವನ್ನು ಬಳಕೆಗೆ ತಂದರು; 1961ರ ಸುಮಾರಿಗೆ ಸ್ಯಾಮ್ಯುಯೆಲ್ ರಾಂಡ್ಲೆಟ್ ಮತ್ತು ರಾಬರ್ಟ್ ಹಾರ್ಬಿನ್ ಅದನ್ನು ಪರಿಷ್ಕರಿಸಿದ ಮೇಲೆ, ಜಪಾನಿ ಭಾಷೆಯ ಒಂದಕ್ಷರವನ್ನೂ ಅರಿಯದವರು ಜಪಾನಿ ಪುಸ್ತಕವನ್ನು ನೋಡಿ ಒರಿಗಾಮಿ ಕಲಿಯುವುದು ಸಾಧ್ಯವಾಯಿತು.

ಕಾಗದದ ನೆರವೇ ಇಲ್ಲದೆ ವಿನ್ಯಾಸಗಳನ್ನು ತಲೆಮಾರುಗಳಿಂದ ದಾಟಿಸಿದ ಪರಂಪರೆಗೆ ಉತ್ತರ ಕರ್ನಾಟಕದ ಕಸೂತಿ ಉತ್ತಮ ನಿದರ್ಶನ. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಸೀಮೆಯ ಹೆಂಗಸರು ಇಳಕಲ್ ಸೀರೆಯ ಸೆರಗು, ಖಣದ ಕುಪ್ಪಸ, ಮಕ್ಕಳ ಕುಂಚಿಗೆ-ಕುಲಾವಿಗಳ ಮೇಲೆ ಮಾಡುತ್ತ ಬಂದ ಈ ಕೆಲಸದಲ್ಲಿ ಬಟ್ಟೆಯ ಮೇಲೆ ಏನನ್ನೂ ಬರೆದುಕೊಳ್ಳುವ ರೂಢಿಯಿಲ್ಲ. ಹಾಸು-ಹೊಕ್ಕಿನ ಎಳೆಗಳನ್ನು ಎಣಿಸುತ್ತಲೇ ಗೋಪುರ, ತೇರು, ಅಂಬಾರಿಯಾನೆ, ತುಳಸಿಕಟ್ಟೆ, ನವಿಲು, ಕಮಲಗಳನ್ನು ಮೂಡಿಸಲಾಗುತ್ತದೆ. ಮದುಮಗಳಿಗೆ ಕೊಡುವ ಉಡುಗೊರೆಯಲ್ಲಿ ಕಪ್ಪು ಬಣ್ಣದ ಚಂದ್ರಕಾಳಿ ಸೀರೆಯ ಮೇಲಿನ ಕಸೂತಿಗೆ ವಿಶೇಷ ಸ್ಥಾನವಿತ್ತು. ಈ ಕಲೆಯನ್ನು ಚಾಲುಕ್ಯರ ಕಾಲಕ್ಕೆ ಒಯ್ಯುವ ಹೇಳಿಕೆ ಜನಪ್ರಿಯವಾಗಿದ್ದರೂ, ಗುಡಿಗೋಪುರದ ಆಕೃತಿಯೊಂದನ್ನೇ ನೆಚ್ಚಿ ಹೊಲಿಗೆಯ ಕಾಲವನ್ನು ನಿರ್ಣಯಿಸುವುದು ಸರಿಯಲ್ಲ. ಗೋಪುರ ಎಲ್ಲ ಕಾಲದವರ ಕಣ್ಣೆದುರೂ ಇದ್ದದ್ದೇ.

ಕಸೂತಿಯ ಹೊಲಿಗೆಗಳು ನಾಲ್ಕು. ಗವಂತಿಯಲ್ಲಿ ಸೂಜಿ ಒಂದು ಎಡೆ ಬಿಟ್ಟು ಒಂದು ಎಡೆಯಲ್ಲಿ ಸಾಗಿ, ಮರಳಿ ಬರುವಾಗ ಬಿಟ್ಟ ಎಡೆಗಳನ್ನು ತುಂಬುತ್ತದೆ. ಮುರ್ಗಿ ಇದೇ ಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುತ್ತದೆ. ನೇಗಿ ಎಂಬುದು ಉದ್ದ-ಗಿಡ್ಡ ಓಟದ ಹೊಲಿಗೆಯಾಗಿದ್ದು ನೇಯ್ದ ವಿನ್ಯಾಸದಂತೆ ತೋರುತ್ತದೆ. ಮೆಂತೆ ಕತ್ತರಿಯಾಕಾರದ ದಟ್ಟ ಹೊಲಿಗೆ. ಗವಂತಿ ಮತ್ತು ಮುರ್ಗಿಗಳಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ, ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತವೆ. ಯುರೋಪಿನಲ್ಲಿ ಹೋಲ್ಬೈನ್ ಹೊಲಿಗೆ ಎಂದು ಕರೆಯುವ, ಹದಿನಾರನೆಯ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನನ ಚಿತ್ರಗಳಲ್ಲಿನ ಉಡುಪುಗಳ ಮೇಲೆ ಕಾಣುವ ಹೊಲಿಗೆಯ ರಚನೆಯೂ ಗವಂತಿಯದೇ. ಕಲಿಯುವವರ ದೃಷ್ಟಿಯಿಂದ ಇದರ ದೊಡ್ಡ ಗುಣವೆಂದರೆ ತಪ್ಪನ್ನು ತಾನೇ ಹಿಡಿದುಕೊಡುವುದು. ಹೋಗುವಾಗ ಒಂದು ಎಳೆಯ ಲೆಕ್ಕ ತಪ್ಪಿದರೂ ಮೂಲೆಗಳು ಒಂದಕ್ಕೊಂದು ಕೂಡುವುದಿಲ್ಲ, ಆಕೃತಿ ಮುಚ್ಚಿಕೊಳ್ಳುವುದಿಲ್ಲ. ಬಿಚ್ಚಿ ಮತ್ತೆ ಎಣಿಸದೆ ಬೇರೆ ದಾರಿಯಿಲ್ಲ. ಅಜ್ಜಿ ಅಥವಾ ಅತ್ತೆ ಪಕ್ಕದಲ್ಲಿ ಕೂತು ಮೊದಲ ಗೋಪುರವನ್ನು ತೋರಿಸಿಕೊಟ್ಟರೆ ಉಳಿದ ತಿದ್ದುಪಡಿಯನ್ನು ಬಟ್ಟೆಯೇ ಮಾಡುತ್ತಿದ್ದ ಕಾರಣ ಪುಸ್ತಕದ ಅಗತ್ಯ ಅಷ್ಟಾಗಿ ಬೀಳಲಿಲ್ಲ. ಹಾಗೆ ಕಲಿತವರು ಮೂಲವನ್ನು ಯಥಾವತ್ತಾಗಿ ನಕಲು ಮಾಡುತ್ತಿರಲಿಲ್ಲ. ಒಂದೇ ಗೋಪುರ ಮನೆಯಿಂದ ಮನೆಗೆ ಒಂದು ಮೆಟ್ಟಿಲು ಹೆಚ್ಚಿಯೋ ಕಳಶದ ಆಕಾರ ಬದಲಾಗಿಯೋ ಕಾಣಿಸುವುದು ಇದರಿಂದಲೇ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಸೂತಿಯೂ ಕಾಗದಕ್ಕೆ ಬಂದಿತು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿದ್ದ, ಮಂಗಳೂರು ಮೂಲದ ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಕಾಲದಿಂದ ದೇಶದ ಗೃಹಕಲೆಗಳನ್ನು ದಾಖಲಿಸುವ, ಅವಕ್ಕೆ ಮಾರುಕಟ್ಟೆ ಒದಗಿಸುವ ಪ್ರಯತ್ನಗಳು ಚುರುಕಾದವು. ಮುಂದೆ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ಕಸೂತಿಯನ್ನು ಪ್ರೋತ್ಸಾಹಿಸಿತು, ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ತರಬೇತಿಯಲ್ಲಿ ಎಳೆಗಳು ಸ್ಪಷ್ಟವಾಗಿ ಕಾಣುವ ಮ್ಯಾಟಿ ಬಟ್ಟೆಯ ಮೇಲೆ ಅಭ್ಯಾಸ ಮಾಡಿಸಿ, ವಿನ್ಯಾಸಗಳನ್ನು ಗ್ರಾಫ್ ಹಾಳೆಯಲ್ಲಿ ಕೊಡುವುದು ಸಾಮಾನ್ಯ. ಎಳೆ ಎಣಿಸಲಾಗದಷ್ಟು ನಯವಾದ ರೇಷ್ಮೆಯ ಮೇಲಾದರೆ ಬಲೆಯಂಥ ಬಟ್ಟೆಯನ್ನು ಮೇಲಿಟ್ಟು ಅದರ ಲೆಕ್ಕದಲ್ಲಿ ಹೊಲಿದು, ಕೊನೆಗೆ ಆ ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಲಾಗುತ್ತದೆ. ಚುಕ್ಕಿ ರಂಗೋಲಿಯನ್ನು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸವಿದ್ದ ಮನೆಗಳಿಗೆ ಗ್ರಾಫ್ ಹೊಸದೆನಿಸಲಿಲ್ಲ. ಆದರೆ ಗ್ರಾಫಿನಲ್ಲಿ ಗೆರೆ ಕಾಣುತ್ತದೆಯೇ ಹೊರತು ಸೂಜಿ ಎಲ್ಲಿಂದ ಹೊರಟು, ಯಾವ ಕವಲನ್ನು ಮೊದಲು ಮುಗಿಸಿ, ಹೇಗೆ ಹಿಂದಿರುಗಬೇಕೆಂಬುದು ಕಾಣುವುದಿಲ್ಲ. ಬಾಣಗಳನ್ನೂ ಅಂಕಿಗಳನ್ನೂ ಸೇರಿಸಿ ಈ ಕೊರತೆಯನ್ನು ತುಂಬಬಹುದು. ಈಚಿನ ವಿಡಿಯೊ ಪಾಠಗಳು ಕೈಯ ಚಲನೆಯನ್ನೇ ತೋರಿಸುತ್ತವೆ. ಕಂಪ್ಯೂಟರ್ ಚಾಲಿತ ಯಂತ್ರಗಳು ಇದೇ ವಿನ್ಯಾಸಗಳನ್ನು ವೇಗವಾಗಿ ಹೊಲಿಯುತ್ತಿದ್ದರೂ ಅವುಗಳಲ್ಲಿ ಹಿಂಬದಿಯ ದಾರ ಬೇರೆಯದಾಗಿರುವುದರಿಂದ, ಕೈಯ ಗವಂತಿಯನ್ನು ಗುರುತಿಸಬೇಕೆಂದಿರುವವರು ಸೀರೆಯ ಸೆರಗನ್ನು ಮಗುಚಿ ನೋಡುತ್ತಾರೆ.